‘ಹೀಗಾಗಿದ್ದರೆ?’ – ಕಲ್ಪಿತ ಚರಿತ್ರೆ ಮತ್ತು ಓದುಗನ ನಿರಾಶೆ



ಅಲೆವೂರಿನಿಂದ ಮಣಿಪಾಲ ದೂರವಲ್ಲ. ಒಂದು ಕಾಲಕ್ಕೆ ಬೋಳು ಗುಡ್ಡವಾಗಿದ್ದ ಆ ಸ್ಥಳದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಅವರಿಗೆ ಆ ಯೋಚನೆಯೇ ಹೊಳೆಯದೆ ಹೋಗಿದ್ದರೆ? ಸುತ್ತಲಿನ ಹಳ್ಳಿಗಳ ಮಕ್ಕಳು ಉದ್ಯೋಗಕ್ಕಾಗಿ ಯಾವ ದಾರಿ ಹಿಡಿಯುತ್ತಿದ್ದರು? 1974ರ ಮಾರ್ಚ್ ಒಂದರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಬಾರದೇ ಇದ್ದಿದ್ದರೆ ನಮ್ಮ ಜಿಲ್ಲೆಯ ಗೇಣಿದಾರರ ಮೊಮ್ಮಕ್ಕಳು ಇಂದು ಯಾರ ಅಂಗಳದಲ್ಲಿ ನಿಂತಿರುತ್ತಿದ್ದರು?

ಇಂತಹ ಒಂದು ಪ್ರಶ್ನೆಯನ್ನೆತ್ತಿ, ನಡೆದ ಒಂದು ಘಟನೆಯನ್ನು ಮಾತ್ರ ಬದಲಿಸಿ, ಅದರ ಪರಿಣಾಮಗಳನ್ನು ಕೊನೆಯವರೆಗೂ ಬೆನ್ನಟ್ಟುವ ಕಥನವನ್ನು ‘ಪರ್ಯಾಯ ಇತಿಹಾಸ’ದ ಕಾದಂಬರಿ ಎನ್ನುತ್ತಾರೆ. ಕನ್ನಡದಲ್ಲಿ ಈ ಪ್ರಕಾರ ವಿರಳ, ಇಂಗ್ಲಿಷಿನಲ್ಲಿ ವಿಪುಲ. ಇದಕ್ಕೆ ಒಂದು ಅಲಿಖಿತ ನಿಯಮವಿದೆ. ಲೇಖಕನು ಘಟನೆಯನ್ನು ಬದಲಿಸಬಹುದು, ಮನುಷ್ಯ ಸ್ವಭಾವವನ್ನು ಬದಲಿಸುವಂತಿಲ್ಲ. ಪ್ರಸಿದ್ಧರು ಬರೆದ ಇಂತಹ ಕಾದಂಬರಿಗಳನ್ನು ಕೈಗೆತ್ತಿಕೊಂಡ ಓದುಗರು ಅನೇಕ ಬಾರಿ ನಿರಾಶೆಯಿಂದ ಪುಸ್ತಕ ಮುಚ್ಚಿದ್ದಾರೆ. ಆ ನಿರಾಶೆಯ ಮೂಲವನ್ನು ಹುಡುಕುವುದು ಈ ಬರಹದ ಉದ್ದೇಶ.

1995ರಲ್ಲಿ ಅಮೆರಿಕದ ಪ್ರತಿನಿಧಿಗಳ ಸಭೆಯ ಸಭಾಧ್ಯಕ್ಷರಾದ ನ್ಯೂಟ್ ಗಿಂಗ್ರಿಚ್ ಅದೇ ವರ್ಷ ವಿಲಿಯಂ ಫೋರ್‌ಸ್ಟ್‌ಚೆನ್ ಅವರ ಜೊತೆಗೂಡಿ ‘1945’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಗಿಂಗ್ರಿಚ್ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದು ಕಾಲೇಜಿನಲ್ಲಿ ಪಾಠ ಹೇಳಿದವರು. ಆದುದರಿಂದ ನಿರೀಕ್ಷೆ ಸಹಜವಾಗಿಯೇ ದೊಡ್ಡದಿತ್ತು. ಕಥೆಯ ಬೀಜವೂ ಚೆನ್ನಾಗಿದೆ. 1941ರಲ್ಲಿ ಪರ್ಲ್ ಹಾರ್ಬರ್ ದಾಳಿಯ ಮುನ್ನಾದಿನ ಹಿಟ್ಲರ್ ವಿಮಾನಾಪಘಾತಕ್ಕೆ ಸಿಲುಕಿ ಪ್ರಜ್ಞೆ ಕಳೆದುಕೊಳ್ಳುತ್ತಾನೆ. ಅದರಿಂದಾಗಿ ಜರ್ಮನಿಯು ಅಮೆರಿಕದ ಮೇಲೆ ಯುದ್ಧ ಘೋಷಿಸುವುದಿಲ್ಲ. ಅಮೆರಿಕವು ಜಪಾನನ್ನು ಮಾತ್ರ ಸೋಲಿಸುತ್ತದೆ, ಜರ್ಮನಿ ಯುರೋಪನ್ನು ನುಂಗುತ್ತದೆ. ಕೊನೆಗೆ ಈ ಎರಡು ಶಕ್ತಿಗಳು ಮುಖಾಮುಖಿಯಾಗುತ್ತವೆ.

ಇಷ್ಟು ಒಳ್ಳೆಯ ಬೀಜದಿಂದ ಮೊಳೆತದ್ದೇನು? ಆಯುಧಗಳ ಮತ್ತು ವಿಮಾನಗಳ ದೀರ್ಘ ವರ್ಣನೆ. ಪಾತ್ರಗಳು ಮಾತನಾಡುತ್ತವೆಯೇ ಹೊರತು ಬದುಕುವುದಿಲ್ಲ. ನಾತ್ಸಿ ಆಳ್ವಿಕೆಯ ಕೆಳಗೆ ನಾಲ್ಕು ವರ್ಷ ನರಳಿದ ಯುರೋಪಿನ ಒಬ್ಬ ಅಕ್ಕಸಾಲಿಗ, ಒಬ್ಬ ತಾಯಿ, ಒಬ್ಬ ಶಾಲಾಮಾಸ್ತರ ಹೇಗಿದ್ದಾನು ಎಂಬ ಕುತೂಹಲವೇ ಲೇಖಕರಿಗಿಲ್ಲ. ಅದಕ್ಕಿಂತ ಮಿಗಿಲಾಗಿ, ಕಥೆ ನಡುನೀರಿನಲ್ಲಿ ನಿಲ್ಲುತ್ತದೆ. ಉಳಿದುದನ್ನು ಮುಂದಿನ ಸಂಪುಟದಲ್ಲಿ ಓದಿರೆಂಬ ಸೂಚನೆಯೊಂದಿಗೆ ಪುಸ್ತಕ ಮುಗಿಯಿತು, ಆ ಸಂಪುಟ ಬರಲೇ ಇಲ್ಲ. ವಿಮರ್ಶಕರು ಹಳಿದರು, ಮಾರಾಟವಾಗದ ಪ್ರತಿಗಳು ಅಂಗಡಿಗಳಿಂದ ಪ್ರಕಾಶಕರಿಗೆ ಮರಳಿದವು. ಇದೇ ಜೋಡಿ 2003ರಿಂದ 2005ರವರೆಗೆ ಅಮೆರಿಕದ ಅಂತರ್ಯುದ್ಧವನ್ನು ಕುರಿತು ಬರೆದ ಮೂರು ಕಾದಂಬರಿಗಳಿಗೆ ಹೆಚ್ಚು ಒಳ್ಳೆಯ ಸ್ವಾಗತ ದೊರೆಯಿತೆಂಬುದನ್ನೂ ನ್ಯಾಯದ ದೃಷ್ಟಿಯಿಂದ ಹೇಳಬೇಕು. ಆದರೆ ‘1945’ ಒಂದು ಪಾಠವಾಗಿ ಉಳಿಯಿತು. ಲೇಖಕನ ಹೆಸರು ಓದುಗನನ್ನು ಅಂಗಡಿಯವರೆಗೆ ಕರೆತರಬಲ್ಲುದು, ಕೊನೆಯ ಪುಟದವರೆಗೆ ಕರೆದೊಯ್ಯಲಾರದು.

ಇನ್ನೊಂದು ಕಡೆ ಬ್ರಿಟನ್ನಿನ ಜನಪ್ರಿಯ ನಟ ಸ್ಟೀಫನ್ ಫ್ರೈ 1996ರಲ್ಲಿ ಬರೆದ ‘ಮೇಕಿಂಗ್ ಹಿಸ್ಟರಿ’ಯನ್ನು ನೋಡಿ. ಹಿಟ್ಲರನ ಬಾಲ್ಯದ ಬಗ್ಗೆ ಪ್ರಬಂಧ ಬರೆಯುತ್ತಿರುವ ಕೇಂಬ್ರಿಜ್‌ನ ಸಂಶೋಧಕನೊಬ್ಬ ಓರ್ವ ಭೌತವಿಜ್ಞಾನಿಯೊಡನೆ ಸೇರಿ, ಹಿಟ್ಲರ್ ಹುಟ್ಟಿದ ಬ್ರೌನೌ ಊರಿನ ನೀರಿಗೆ ಪುರುಷರನ್ನು ಬಂಜೆಯಾಗಿಸುವ ಮದ್ದನ್ನು ಕಾಲದ ಹಿಂದಕ್ಕೆ ರವಾನಿಸುತ್ತಾನೆ. ಹಿಟ್ಲರ್ ಹುಟ್ಟುವುದೇ ಇಲ್ಲ. ಲೋಕ ಸುಖವಾಯಿತೇ? ಇಲ್ಲ. ಗ್ಲೋಡರ್ ಎಂಬ ಇನ್ನೊಬ್ಬ, ಹಿಟ್ಲರನಿಗಿಂತ ಜಾಣನೂ ಮೋಹಕನೂ ಆದವನು, ಆ ಸ್ಥಾನವನ್ನು ಆಕ್ರಮಿಸುತ್ತಾನೆ. ಬ್ರೌನೌ ನೀರಿನ ಗುಟ್ಟನ್ನು ಅವನ ಆಳ್ವಿಕೆ ಕಂಡುಹಿಡಿದು, ಯೆಹೂದ್ಯ ಜನಾಂಗವನ್ನೇ ಬಂಜೆಯಾಗಿಸಲು ಅದನ್ನು ಬಳಸುತ್ತದೆ. ಭೌತವಿಜ್ಞಾನಿ ಈ ಕೆಲಸಕ್ಕೆ ಕೈಹಾಕಿದ್ದೇ ತನ್ನ ತಂದೆ ಆಶ್ವಿಟ್ಸ್‌ನಲ್ಲಿ ವೈದ್ಯನಾಗಿದ್ದನೆಂಬ ಪಾಪಭಾರವನ್ನು ತೊಳೆಯಲು. ಬದಲಾದ ಲೋಕದಲ್ಲಿಯೂ ಅದೇ ಭಾರ ಬೇರೊಂದು ರೂಪದಲ್ಲಿ ಅವನ ಹೆಗಲೇರುತ್ತದೆ.

ಈ ಪುಸ್ತಕವೂ ಎಲ್ಲರನ್ನೂ ಮೆಚ್ಚಿಸಲಿಲ್ಲ. ನಡುನಡುವೆ ಚಿತ್ರಕಥೆಯ ರೂಪಕ್ಕೆ ಹೊರಳುವ ನಿರೂಪಣೆ ಕೆಲವರಿಗೆ ಹಿಡಿಸಲಿಲ್ಲ. ಇಂತಹ ವಿಷಯದಲ್ಲಿ ಹಾಸ್ಯವೇ ಎಂದು ಕೆಲವರು ಸಿಡುಕಿದರು. ಆ ಆಕ್ಷೇಪದಲ್ಲಿ ತಿರುಳಿದೆ. ಆದರೂ ಇದು ಮನಸ್ಸಿನಲ್ಲಿ ನಿಲ್ಲುತ್ತದೆ, ಏಕೆಂದರೆ ಒಬ್ಬ ದುಷ್ಟನನ್ನು ಅಳಿಸಿದ ಮಾತ್ರಕ್ಕೆ ಅವನನ್ನು ಬೆಳೆಸಿದ ನೆಲ ಅಳಿಯುವುದಿಲ್ಲ ಎಂಬ ಕಹಿ ಸತ್ಯವನ್ನು ಅದು ಮುಚ್ಚಿಡುವುದಿಲ್ಲ. ‘1945’ ನಮ್ಮನ್ನು ಪ್ರೇಕ್ಷಕರನ್ನಾಗಿ ಕೂರಿಸುತ್ತದೆ. ‘ಮೇಕಿಂಗ್ ಹಿಸ್ಟರಿ’ ನಮ್ಮನ್ನು ಕಟಕಟೆಗೆ ಕರೆಯುತ್ತದೆ.

ಗುಣದಲ್ಲಿ ಇಷ್ಟು ಅಂತರವಿದ್ದರೂ ಈ ಎರಡೂ ಕೃತಿಗಳು ಒಂದು ವಿಷಯದಲ್ಲಿ ಸಮಾನ. ತಾವು ಕಲ್ಪನೆ ಎಂಬುದನ್ನು ಅವು ಬಚ್ಚಿಡುವುದಿಲ್ಲ. ನಮ್ಮ ನಾಡಿನಲ್ಲಿ ಈ ಗೆರೆಯೇ ಅಳಿಸಿಹೋದ ಪ್ರಸಂಗ ಇತ್ತೀಚಿನದು. 2022ರಲ್ಲಿ ಮೈಸೂರು ರಂಗಾಯಣದ ನಿರ್ದೇಶಕರಾಗಿದ್ದ ಅಡ್ಡಂಡ ಸಿ. ಕಾರ್ಯಪ್ಪ ‘ಟಿಪ್ಪು ನಿಜಕನಸುಗಳು’ ನಾಟಕವನ್ನು ಬರೆದು ರಂಗಕ್ಕೆ ತಂದರು. ಟಿಪ್ಪು ಸುಲ್ತಾನನನ್ನು ಕೊಂದವರು ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಎಂದು ಅಲ್ಲಿ ಚಿತ್ರಿತವಾಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಆಂಗ್ಲ ಸೇನೆಯೊಡನೆ ಹೋರಾಡುತ್ತ ಟಿಪ್ಪು ಮಡಿದನೆಂಬುದು ದಾಖಲಿತ ಇತಿಹಾಸ. ಜನರ ಬಾಯಿಮಾತಿನಲ್ಲಿ ಆಧಾರವಿದೆ ಎಂದರು ಸಮರ್ಥಕರು, ದಾಖಲೆ ಎಲ್ಲಿ ಎಂದರು ಇತಿಹಾಸಕಾರರು. 2023ರ ಮಾರ್ಚಿನಲ್ಲಿ ಆಗಿನ ಸಚಿವ ಮುನಿರತ್ನ ಈ ವಸ್ತುವಿನ ಚಲನಚಿತ್ರಕ್ಕೆ ಸಿದ್ಧರಾದಾಗ, ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಆಧಾರವಿಲ್ಲದ ಗೊಂದಲ ಬೇಡವೆಂದು ಸೂಚಿಸಿದರು. ಚಿತ್ರ ಕೈಬಿಟ್ಟಿತು.

ನಾಟಕಕಾರನಿಗೆ ಕಲ್ಪಿಸುವ ಹಕ್ಕಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. ‘ಹೀಗಾಗಿದ್ದರೆ’ ಎಂದು ಹೇಳುವ ಹಕ್ಕು ಎಲ್ಲ ಲೇಖಕರದು. ಆದರೆ ‘ಹೀಗಾಗಿದ್ದರೆ’ ಎಂಬುದು ಸದ್ದಿಲ್ಲದೆ ‘ಹೀಗೇ ಆಯಿತು’ ಎಂದಾದಾಗ ಓದುಗನಿಗೆ ಆಗುವುದು ನಿರಾಶೆಯಲ್ಲ, ವಂಚನೆ.

ಟಿಪ್ಪುವಿನ ಹೆಸರು ಬಂದಾಗ ಕರಾವಳಿಯ ಕ್ರೈಸ್ತ ಓದುಗನ ಮನಸ್ಸು ತಟಸ್ಥವಾಗಿರುವುದು ಕಷ್ಟ. 1784ರಲ್ಲಿ ನಮ್ಮ ಹಿರಿಯರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು, ಇಗರ್ಜಿಗಳು ನೆಲಸಮವಾದವು, ಸೆರೆ ಕಳೆದದ್ದು 1799ರಲ್ಲಿ. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ನೋವಿನ ಬಗ್ಗೆ ಇಲ್ಲ. ಆದುದರಿಂದ ಟಿಪ್ಪುವಿಗೆ ಬೇರೊಂದು ಅಂತ್ಯವನ್ನು ಬರೆದವರನ್ನು ಕಂಡು ನಮ್ಮಲ್ಲಿ ಕೆಲವರು ಒಳಗೊಳಗೇ ಹಿಗ್ಗಿದ್ದರೆ ಅದು ಅಸಹಜವಲ್ಲ. ಇಲ್ಲಿಯೇ ನಾವು ಎಚ್ಚರಗೊಳ್ಳಬೇಕು. ನಿಜವಾದ ಗಾಯಕ್ಕೆ ಸುಳ್ಳು ಮುಲಾಮು ಬೇಕಿಲ್ಲ. ಒಂದು ಸುಳ್ಳನ್ನು ನಮ್ಮ ಪರವಾಗಿ ಒಪ್ಪಿದರೆ, ನಾಳೆ ನಮ್ಮ ಸೆರೆಯ ಕಥೆಯೂ ಕಟ್ಟುಕತೆ ಎನ್ನುವವರಿಗೆ ನಾವು ಯಾವ ಬಾಯಿಂದ ಉತ್ತರಿಸೋಣ?

ಈಗ ಒಂದು ಕ್ಷಣ ಕಾದಂಬರಿಕಾರನಂತೆ ಯೋಚಿಸಿ. 1784ರ ಸೆರೆ ನಡೆಯಲೇ ಇಲ್ಲ ಎಂದು ಕಲ್ಪಿಸಿ ಬರೆಯುವುದಾದರೆ ಏನನ್ನು ಬದಲಿಸಬೇಕು? ಟಿಪ್ಪುವನ್ನು ಅಳಿಸಿದರೆ ಸಾಕೆಂಬುದು ಸುಲಭದ ಉತ್ತರ. ಆದರೆ ಮೈಸೂರಿಗೂ ಕಂಪನಿ ಸರಕಾರಕ್ಕೂ ಆಗ ಯುದ್ಧ ನಡೆದಿತ್ತು. ಕ್ರೈಸ್ತರು ಆಂಗ್ಲರಿಗೆ ನೆರವಾದರೆಂಬ ಆರೋಪ ಹುಟ್ಟಿತು. ಕೆಲವರ ಮೇಲಿನ ಸಂಶಯಕ್ಕೆ ಕೂಸುಗಳೂ ಮುದುಕರೂ ಸಹಿತ ಇಡೀ ಸಮುದಾಯ ದಂಡ ತೆತ್ತಿತು. ದೊರೆಯನ್ನು ಬದಲಿಸಿದರೂ ಆ ಸಂಶಯದ ಸ್ವಭಾವವನ್ನು ಹಾಗೇ ಬಿಟ್ಟರೆ, ಫ್ರೈಯ ಗ್ಲೋಡರನಂತೆ ಬೇರೊಬ್ಬ ಬಂದು ಅದೇ ಕೆಲಸವನ್ನು ಮಾಡಿಯಾನು. ಪ್ರಾಮಾಣಿಕ ಕಾದಂಬರಿಕಾರ ಮುಟ್ಟಬೇಕಾದದ್ದು ಆ ಸ್ವಭಾವವನ್ನು.

ಮುಟ್ಟಿದಾಗ ಅದು ನಮ್ಮ ಮನೆಯಲ್ಲಿಯೂ ಸಿಗುತ್ತದೆ. ಇನ್ನೂರ ನಲುವತ್ತು ವರ್ಷಗಳ ಹಿಂದಿನ ಅರಸನ ಲೆಕ್ಕವನ್ನು ಇಂದಿನ ಮುಸಲ್ಮಾನ ನೆರೆಯವನ ಖಾತೆಗೆ ಬರೆಯುವವರು ನಮ್ಮ ನಡುವೆ ಇಲ್ಲವೆನ್ನಲಾದೀತೇ? ನಮ್ಮ ಹಿರಿಯರನ್ನು ಸೆರೆಗೆ ನೂಕಿದ್ದು ಇದೇ ತರ್ಕ. ಒಬ್ಬರ ಕೃತ್ಯಕ್ಕೆ ಎಲ್ಲರೂ ಹೊಣೆ ಎಂಬ ತರ್ಕ. ಕ್ಷಮಿಸಿರೆಂಬ ಬೋಧೆಯನ್ನು ನಾನು ಇಲ್ಲಿ ಮಾಡುತ್ತಿಲ್ಲ, ಅದಕ್ಕೆ ಬೇರೆ ಪೀಠವಿದೆ. ಒಳ್ಳೆಯ ‘ಹೀಗಾಗಿದ್ದರೆ’ ಕಥೆ ಓದುಗನಿಗೆ ಏನು ಮಾಡಬಲ್ಲುದು ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ಆದುದರಿಂದ, ಓದುಗರೇ, ಮುಂದೆ ಪ್ರಸಿದ್ಧರೊಬ್ಬರ ಇಂತಹ ಪುಸ್ತಕ ನಿಮ್ಮ ಕೈಗೆ ಬಂದರೆ ಮುಖಪುಟದ ಹೆಸರನ್ನು ಬದಿಗಿಟ್ಟು ಎರಡು ಮಾತು ವಿಚಾರಿಸಿ. ಇವರು ಬದಲಿಸಿದ್ದು ಯಾವುದನ್ನು ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆಯೇ? ಬದಲಾದ ಲೋಕದಲ್ಲಿ ನನಗೆ ಸಿಕ್ಕಿದ್ದು ನನ್ನ ವೈರಿಯ ಸೋಲು ಮಾತ್ರವೇ, ಅಥವಾ ನನ್ನದೇ ಮುಖವೂ ಕಂಡಿತೇ?

ಕರಾವಳಿಯ ಯುವ ಬರಹಗಾರರಲ್ಲಿ ಯಾರಾದರೂ ಆ ಸೆರೆಯ ದಿನಗಳನ್ನು ವಸ್ತುವಾಗಿಸಿ ಕನ್ನಡದಲ್ಲಿ ಇಂತಹ ಕಾದಂಬರಿ ಬರೆಯಲಿ ಎಂಬುದು ನನ್ನ ಹಂಬಲ. ಮೊದಲ ಪುಟದಲ್ಲಿಯೇ, ಇಷ್ಟು ನಡೆದದ್ದು, ಇಷ್ಟು ನಾನು ಕಲ್ಪಿಸಿದ್ದು ಎಂದು ಅವರು ಬರೆಯಲಿ. ಆಮೇಲೆ ಎಷ್ಟು ಬೇಕಾದರೂ ಕಲ್ಪಿಸಲಿ. ನಾವು ಕಾದಿದ್ದು ಓದೋಣ.