ಮೋಟಾರ್ ನ್ಯೂರಾನ್ ಕಾಯಿಲೆ: ಒಂದೇ ಸೂರಿನ ಆರೈಕೆ, ತೃಪ್ತಿಯ ಲೆಕ್ಕ

ಮೋಟಾರ್ ನ್ಯೂರಾನ್ ಕಾಯಿಲೆಯನ್ನು ವಾಸಿಮಾಡುವ ಮದ್ದು ಇನ್ನೂ ಬಂದಿಲ್ಲ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಹಲವರಿಗೆ ಮೊದಲು ಅಂಗಿಯ ಗುಂಡಿ ಹಾಕಿಕೊಳ್ಳಲು ಕೈ ಬಾರದು, ಆಮೇಲೆ ನಡೆಯಲು ಕಾಲು ಬಾರದು. ಮಾತು ತೊದಲುತ್ತದೆ, ನುಂಗುವುದು ಕಷ್ಟವಾಗುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಇದರಲ್ಲಿ ಹೆಚ್ಚಾಗಿ ಕಾಣುವ ಬಗೆ ಎಎಲ್‌ಎಸ್. ಪಶ್ಚಿಮದ ದೇಶಗಳಲ್ಲಿ ಲಕ್ಷಣ ಕಾಣಿಸಿಕೊಂಡ ಮೇಲೆ ಹೆಚ್ಚಿನವರು ಬದುಕುವುದು ಎರಡರಿಂದ ಐದು ವರ್ಷ. 1963ರಲ್ಲಿ ಕಾಯಿಲೆ ಪತ್ತೆಯಾಗಿ 2018ರವರೆಗೆ ಬದುಕಿದ ಸ್ಟೀಫನ್ ಹಾಕಿಂಗ್ ತೀರಾ ಅಪರೂಪದ ಅಪವಾದ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರಿಲುಜೋಲ್ ಮಾತ್ರೆ ಆಯುಷ್ಯಕ್ಕೆ ಸೇರಿಸುವುದು ಸರಾಸರಿ ಎರಡು ಮೂರು ತಿಂಗಳು. ಹೀಗಿರುವಾಗ ಔಷಧಕ್ಕಿಂತ ಆರೈಕೆಯ ವ್ಯವಸ್ಥೆಯೇ ಇಲ್ಲಿ ದೊಡ್ಡ ಚಿಕಿತ್ಸೆ. ಆ ವ್ಯವಸ್ಥೆ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಸಾಮಾನ್ಯವಾಗಿ ಎರಡು ಲೆಕ್ಕ ಹಿಡಿಯುತ್ತಾರೆ: ರೋಗಿಗಳು ಎಷ್ಟು ಸೇವೆ ಬಳಸಿದರು, ಎಷ್ಟು ತೃಪ್ತರಾದರು. ವ್ಯವಸ್ಥೆಯನ್ನು ನಾನು ಒಪ್ಪುತ್ತೇನೆ. ಈ ಎರಡು ಲೆಕ್ಕಗಳನ್ನು ಒಪ್ಪಲಾರೆ.

ಮೊದಲು ವ್ಯವಸ್ಥೆಯ ಮಾತು. ಡಬ್ಲಿನ್ನಿನ ಬೋಮಾಂಟ್ ಆಸ್ಪತ್ರೆಯಲ್ಲಿ ನರರೋಗ ತಜ್ಞೆ ಓರ್ಲಾ ಹಾರ್ಡಿಮನ್ ಕಟ್ಟಿದ ಎಎಲ್‌ಎಸ್ ಕ್ಲಿನಿಕ್ ಒಂದೇ ಸೂರಿನ ಆರೈಕೆಯ ಹೆಸರಾಂತ ಮಾದರಿ. ನರರೋಗ ತಜ್ಞರು, ಉಸಿರಾಟದ ತಜ್ಞರು, ಫಿಸಿಯೋಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್, ಡಯಟೀಶಿಯನ್, ನರ್ಸ್, ಸಮಾಜ ಕಾರ್ಯಕರ್ತರು ಒಂದೇ ತಂಡವಾಗಿ ಒಬ್ಬ ರೋಗಿಯನ್ನು ನೋಡುವುದು ಇದರ ಪದ್ಧತಿ. ತೂಕ ನೋಡುತ್ತಾರೆ, ಕೊಳವೆಗೆ ತುಟಿ ಬಿಗಿದು ಜೋರಾಗಿ ಊದಿಸಿ ಶ್ವಾಸಕೋಶದ ಬಲ ಅಳೆಯುತ್ತಾರೆ, ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ ಎಂದು ಗಮನಿಸುತ್ತಾರೆ. ಹೀಗೆ ಒಬ್ಬರು ಕಂಡದ್ದು ಇನ್ನೊಬ್ಬರಿಗೆ ಅಂದೇ ಗೊತ್ತಾಗುತ್ತದೆ. ನಡೆಯಲಾರದ ವ್ಯಕ್ತಿಯನ್ನು ಏಳು ವಿಭಾಗಗಳ ಏಳು ಸಾಲುಗಳಲ್ಲಿ ನಿಲ್ಲಿಸದಿರುವುದೇ ಇದರ ಮೊದಲ ಪುಣ್ಯ.

ಫಲಿತಾಂಶವೂ ಕಡಿಮೆಯದಲ್ಲ. ಐರ್ಲೆಂಡಿನ ಎಎಲ್‌ಎಸ್ ನೋಂದಣಿಯ ಐದು ವರ್ಷಗಳ ದಾಖಲೆಯನ್ನು ಆಧರಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಕ್ಲಿನಿಕ್ಕಿಗೆ ಬರುತ್ತಿದ್ದವರು ಸಾಮಾನ್ಯ ನರರೋಗ ವಿಭಾಗಕ್ಕೆ ಹೋಗುತ್ತಿದ್ದವರಿಗಿಂತ ಏಳೂವರೆ ತಿಂಗಳು ಹೆಚ್ಚು ಬದುಕಿದರು. ರಿಲುಜೋಲ್ ಕೊಡುವುದಕ್ಕಿಂತ ಇದು ದೊಡ್ಡ ಲಾಭ. ಆದರೆ ವಿಮರ್ಶಕ ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಕ್ಲಿನಿಕ್ಕಿಗೆ ಬಂದವರ ಸರಾಸರಿ ವಯಸ್ಸು 60, ಉಳಿದವರದು 65 ದಾಟಿತ್ತು. ಬಂದವರಲ್ಲಿ ಬಹುತೇಕ ಎಲ್ಲರಿಗೂ ರಿಲುಜೋಲ್ ಸಿಕ್ಕಿತ್ತು, ಉಳಿದವರಲ್ಲಿ ನೂರಕ್ಕೆ 61 ಮಂದಿಗೆ ಮಾತ್ರ. ಅಧ್ಯಯನಕಾರರು ಈ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ್ದಾರೆ, ನಿಜ. ಆದರೂ ದೂರದ ಕ್ಲಿನಿಕ್ಕಿಗೆ ಬರುವ ಶಕ್ತಿ, ಕರೆತರುವ ಜನ, ಹಟ ಇವೆಲ್ಲ ಯಾವ ಲೆಕ್ಕದಲ್ಲೂ ಪೂರ್ತಿ ಸರಿದೂಗುವಂಥವಲ್ಲ. ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯದಲ್ಲಿ ಇಂಥದೇ ಹೋಲಿಕೆ ಮಾಡಿದಾಗ ಆಯುಷ್ಯದಲ್ಲಿ ಲಾಭ ಕಾಣಲಿಲ್ಲ. ಕ್ಲಿನಿಕ್ಕಿನ ಬೋರ್ಡು ಎಲ್ಲ ಕಡೆಯೂ ಒಂದೇ ಇರಬಹುದು, ಒಳಗಿನ ಕೆಲಸ ಒಂದೇ ಇರಬೇಕೆಂದಿಲ್ಲ.

ನೆದರ್ಲೆಂಡ್ಸ್‌ನ ಅನುಭವ ಇನ್ನೂ ಕುತೂಹಲದ್ದು. ಅಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನ 208 ರೋಗಿಗಳನ್ನು ನೋಡಿತು. ತಂಡದ ಆರೈಕೆ ಪಡೆದವರ ಮಾನಸಿಕ ನೆಮ್ಮದಿ ಉಳಿದವರಿಗಿಂತ ಚೆನ್ನಾಗಿತ್ತು. ಬೇಕಾದ ಸಲಕರಣೆಗಳು ಅವರಲ್ಲಿ ಹೆಚ್ಚು ಮಂದಿಯ ಕೈಸೇರಿದ್ದವು. ಹಾಗಾದರೆ ಇನ್ನಷ್ಟು ಸೇವೆ ಸೇರಿಸಿದರೆ ಇನ್ನಷ್ಟು ನೆಮ್ಮದಿ ಸಿಗಬೇಕಲ್ಲ? ತಂಡದ ಆರೈಕೆಯ ಮೇಲೆ ಪ್ರತಿ ರೋಗಿಗೂ ಸೇವೆಗಳನ್ನು ಹೊಂದಿಸಿಕೊಡುವ ಒಬ್ಬ ಕೇಸ್ ಮ್ಯಾನೇಜರನ್ನು ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು: ರೋಗಿಯ ಬದುಕಿನ ಗುಣಮಟ್ಟವೂ ಏರಲಿಲ್ಲ, ನೋಡಿಕೊಳ್ಳುವವರ ಹೊರೆಯೂ ಇಳಿಯಲಿಲ್ಲ. ಭೇಟಿಗಳನ್ನು ಎಣಿಸುವವರಿಗೆ ಇದು ಎಚ್ಚರಿಕೆಯ ಮಾತು.

ಬಳಕೆಯ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ಐರ್ಲೆಂಡಿನ ಜೆರಾಲ್ಡಿನ್ ಫೋಲಿ ಮತ್ತು ಸಂಗಡಿಗರು ಎಎಲ್‌ಎಸ್ ಇರುವವರನ್ನು ಕೂರಿಸಿಕೊಂಡು ಮಾತಾಡಿಸಿದಾಗ ಕಂಡದ್ದು ಇದು: ದಿನದಿನಕ್ಕೂ ಒಂದೊಂದನ್ನು ಕಳೆದುಕೊಳ್ಳುತ್ತಿರುವವರು ತಮ್ಮ ಹಿಡಿತದಲ್ಲಿ ಏನಾದರೂ ಉಳಿಯಲಿ ಎಂಬ ಆಸೆಯಿಂದಲೇ ಸೇವೆಗಳನ್ನು ಒಪ್ಪುತ್ತಾರೆ, ಅದೇ ಆಸೆಯಿಂದ ಕೆಲವನ್ನು ಬೇಡವೆನ್ನುತ್ತಾರೆ. ವೀಲ್‌ಚೇರ್ ಇಂದು ಬೇಡ ಎಂದವನು ಸೇವೆಯಿಂದ ವಂಚಿತನಾದವನೆಂದು ಬಳಕೆಯ ಪಟ್ಟಿ ಬರೆದುಕೊಳ್ಳುತ್ತದೆ. ಅವನ ಮಟ್ಟಿಗೆ ಅದು ತಾನೇ ತೆಗೆದುಕೊಂಡ ತೀರ್ಮಾನ.

ಇನ್ನು ತೃಪ್ತಿ. ಸಮೀಕ್ಷೆಯ ಹಾಳೆಯನ್ನೇ ಹತ್ತಿರದಿಂದ ನೋಡೋಣ. ‘ಇಲ್ಲಿ ದೊರೆತ ಸೇವೆ ನಿಮಗೆ ತೃಪ್ತಿ ತಂದಿದೆಯೇ?’ ಎದುರಿಗೆ ಐದು ಚೌಕ. ರೋಗಿಯ ಬೆರಳು ಪೆನ್ನು ಹಿಡಿಯಲಾರದು. ಹೆಂಡತಿ ಓದುತ್ತಾಳೆ, ಅವನು ಹುಬ್ಬು ಏರಿಸುತ್ತಾನೆ, ಗುರುತು ಹಾಕುವವಳು ಅವಳು. ರಾತ್ರಿಯಲ್ಲಿ ನಾಲ್ಕು ಸಲ ಎದ್ದು ಅವನ ಮಗ್ಗುಲು ಬದಲಿಸಿದವಳೂ ಅವಳೇ. ಅವಳ ನಿದ್ದೆಯ ಬಗ್ಗೆ ಹಾಳೆಯಲ್ಲಿ ಚೌಕವಿಲ್ಲ. ಪಕ್ಕದಲ್ಲಿ ನಿಂತಿರುವ ನರ್ಸೇ ನಾಳೆ ಉಸಿರಾಟದ ಮಾಸ್ಕ್ ಸರಿಮಾಡಿ ಕೊಡಬೇಕಾದವರು. ಇಂಥ ಜಾಗದಲ್ಲಿ ‘ತೃಪ್ತಿ ಇಲ್ಲ’ ಎಂದು ಬರೆಯಲು ಎಷ್ಟು ಜನರಿಗೆ ಮನಸ್ಸು ಬರುತ್ತದೆ? ‘ಏನೂ ಮಾಡೋಕಾಗಲ್ಲ’ ಎಂಬ ಮಾತು ಕೇಳಿ ಕೇಳಿ ಬಂದವರಿಗೆ ಒಬ್ಬ ವೈದ್ಯರು ಕುರ್ಚಿ ಎಳೆದು ಕೂತು ಮಾತಾಡಿದರೂ ಸಾಕು, ಕಣ್ತುಂಬುತ್ತದೆ. ಆ ಕೃತಜ್ಞತೆ ದೊಡ್ಡದೇ. ಅದು ಸೇವೆಯ ಗುಣಮಟ್ಟಕ್ಕೆ ಸಿಕ್ಕ ಅಂಕವಲ್ಲ. ಬರಲಾರದೆ ಮನೆಯಲ್ಲೇ ಉಳಿದವರು, ಬೇಗ ತೀರಿಹೋದವರು ಸಮೀಕ್ಷೆಗೆ ಸಿಗುವುದೇ ಇಲ್ಲ. ಹೆಚ್ಚು ತೊಂದರೆಪಟ್ಟವರೇ ಉತ್ತರಿಸದ ಸಮೀಕ್ಷೆಯಲ್ಲಿ ಸರಾಸರಿ ಚೆನ್ನಾಗಿ ಬಂದರೆ ಆಶ್ಚರ್ಯವೇನು?

ಹಾಗಾದರೆ ಏನನ್ನು ಅಳೆಯಬೇಕು? ಕಾಯಿಲೆಯೇ ಉತ್ತರ ಹೇಳುತ್ತದೆ. 2006ರಲ್ಲಿ ಇಂಗ್ಲೆಂಡಿನಿಂದ ಬಂದ 41 ರೋಗಿಗಳ ಪ್ರಯೋಗದಲ್ಲಿ, ಗಂಟಲಿನ ಸ್ನಾಯುಗಳು ತೀರಾ ಸೋಲದವರಿಗೆ ಮಾಸ್ಕ್ ಮೂಲಕ ಉಸಿರಾಟದ ನೆರವು ಕೊಟ್ಟಾಗ ಹೆಚ್ಚುವರಿಯಾಗಿ ಸಿಕ್ಕ ಆಯುಷ್ಯ 205 ದಿನ, ಅದೂ ಚೆನ್ನಾದ ದಿನಗಳು. ಗಂಟಲು ತೀರಾ ಸೋತವರಿಗೆ ಕೆಲವು ತೊಂದರೆಗಳು ತಗ್ಗಿದವು, ದಿನ ಹೆಚ್ಚಲಿಲ್ಲ. ಹೊಟ್ಟೆಗೆ ನೇರವಾಗಿ ಆಹಾರ ಕೊಡುವ ಕೊಳವೆಯನ್ನು ತೂಕ ಇಳಿದುಹೋದ ಮೇಲೆ ಹಾಕಿದರೆ ಲಾಭ ಕಡಿಮೆ, ಅಪಾಯ ಹೆಚ್ಚು. ಸ್ವಂತ ಧ್ವನಿಯನ್ನು ಕಂಪ್ಯೂಟರಿನಲ್ಲಿ ಕಾಪಿಟ್ಟುಕೊಳ್ಳಬೇಕಾದರೆ ಮಾತು ಕೆಡುವ ಮೊದಲೇ ರೆಕಾರ್ಡ್ ಮಾಡಬೇಕು. ಎಲ್ಲವೂ ಸಮಯದ ಪ್ರಶ್ನೆ. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೊರತಂದ ಮಾರ್ಗಸೂಚಿಯ ಹೆಚ್ಚುಗಾರಿಕೆ ಇರುವುದೂ ಇಲ್ಲೇ: ರೋಗ ಗೊತ್ತಾದ ನಾಲ್ಕು ವಾರದೊಳಗೆ ಮತ್ತೆ ಭೇಟಿ, ಎರಡು ಮೂರು ತಿಂಗಳಿಗೊಮ್ಮೆ ತಂಡದ ತಪಾಸಣೆ, ಏನೇ ಆದರೂ ಸಂಪರ್ಕಿಸಲು ಗೊತ್ತಾದ ಒಬ್ಬರು. ಇವು ದಿನಾಂಕ ಹಾಕಿ ಪರೀಕ್ಷಿಸಬಹುದಾದ ಮಾತುಗಳು.

ಈ ಅಳತೆ ನಮ್ಮ ನೆಲಕ್ಕೂ ಬೇಕು. ಬೆಂಗಳೂರಿನ ನಿಮ್ಹಾನ್ಸ್ ಮೂವತ್ತು ವರ್ಷಗಳಲ್ಲಿ ನೋಡಿದ 1153 ಎಎಲ್‌ಎಸ್ ರೋಗಿಗಳ ವಿವರವನ್ನು 2008ರಲ್ಲಿ ಪ್ರಕಟಿಸಿತು. ಕಾಯಿಲೆ ಶುರುವಾದ ಸರಾಸರಿ ವಯಸ್ಸು 46ರ ಆಸುಪಾಸು, ಪಶ್ಚಿಮಕ್ಕಿಂತ ಸುಮಾರು ಹತ್ತು ವರ್ಷ ಮೊದಲು. ಅಂದರೆ ಮಕ್ಕಳು ಓದುತ್ತಿರುವಾಗ, ಮನೆಯ ಸಾಲ ತೀರದಿರುವಾಗ ದುಡಿಯುವ ಕೈ ಬೀಳುತ್ತದೆ. ಕೈ ಸೋಲುತ್ತಿದೆಯೆಂದು ಮೂಳೆ ಡಾಕ್ಟರ ಹತ್ತಿರ ಹೋಗಿ, ಕತ್ತಿನ ಸವೆತವೆಂದು ಔಷಧಿ ತಿಂದು, ತಿಂಗಳುಗಳು ಕಳೆದ ಮೇಲೆ ನರರೋಗ ತಜ್ಞರನ್ನು ಕಾಣುವುದು ಇಲ್ಲಿ ಹೊಸದಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ ಆಗಿಬರುತ್ತವೆ. ಈ ಕಾಯಿಲೆಯ ಖರ್ಚು ಹೆಚ್ಚಾಗಿ ಬೀಳುವುದು ಮನೆಯಲ್ಲಿ. ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ, ಕಫ ಎಳೆಯುವ ಯಂತ್ರ, ಕರೆಂಟ್ ಹೋದಾಗ ಯುಪಿಎಸ್, ಒಬ್ಬ ಸಹಾಯಕ. ಕೊನೆಯ ದಿನಗಳಲ್ಲಿ ವೆಂಟಿಲೇಟರ್ ಬೇಕೇ ಬೇಡವೇ ಎಂಬ ಇಚ್ಛೆಯನ್ನು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಈ ಮಾತನ್ನೂ ರೋಗಿಗೆ ಮಾತಾಡಲು ಆಗುತ್ತಿರುವಾಗಲೇ ಆಡಬೇಕು.

ಒಂದೇ ಸೂರಿನಡಿಯ ತಂಡದ ಆರೈಕೆ ಬೇಕೇ ಬೇಕು. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಅದನ್ನು ನಡೆಸುವ ಆಸ್ಪತ್ರೆಗಳು ತೃಪ್ತಿಯ ಶೇಕಡಾವಾರನ್ನು ಗೋಡೆಗೆ ತೂಗುಹಾಕುವ ಬದಲು ಪ್ರತಿ ರೋಗಿಯ ಕಡತದಲ್ಲಿ ನಾಲ್ಕು ದಿನಾಂಕ ಬರೆಯಲಿ: ಮೊದಲ ಲಕ್ಷಣ, ರೋಗನಿರ್ಣಯ, ಉಸಿರಾಟದ ಮೊದಲ ಪರೀಕ್ಷೆ, ಕೊನೆಯ ದಿನಗಳ ಇಚ್ಛೆಯ ಬಗ್ಗೆ ಮೊದಲ ಮಾತುಕತೆ. ಇವುಗಳ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಕಡಿಮೆಯಾದರೆ ಆರೈಕೆ ಸುಧಾರಿಸಿದೆ ಎನ್ನಬಹುದು. ಆಗದಿದ್ದರೆ ಸಮೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಬಂದರೂ ಸುಧಾರಿಸಿಲ್ಲ.