ಬಸ್ಸಿನ ಹಣೆಬರಹ

ಇಂಡೋನೇಷ್ಯಾದ ಮಲೆಯೊ ಸಂಸ್ಥೆ 2017ರಲ್ಲಿ ಹೊರತಂದ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಎಂಬ ಮೊಬೈಲ್ ಆಟಕ್ಕೆ ಆಡುವವರ ಬಾಯಲ್ಲಿ ‘ಬಸ್ಸಿಡ್’ ಎಂದು ಹೆಸರು. ಇಂಡೋನೇಷ್ಯಾದ ಊರುಗಳ ನಡುವೆ ಬಸ್ಸು ಓಡಿಸುವುದು, ಅಷ್ಟೇ ಆಟ. ಅದು ಕರ್ನಾಟಕದ ಹುಡುಗರ ಕೈಯಲ್ಲಿ ನೆಲೆ ನಿಂತದ್ದು ಆ ಊರುಗಳ ಆಸೆಗಲ್ಲ, ಆಟ ತೆರೆದಿಟ್ಟ ಎರಡು ಅವಕಾಶಗಳಿಗಾಗಿ. ಒಂದು ಲಿವರಿ, ಅಂದರೆ ಬಸ್ಸಿನ ಮೈಗೆ ಹೊದಿಸುವ ಬಣ್ಣದ ಚಿತ್ರ. ಬಸ್ಸಿನ ತಗಡನ್ನೆಲ್ಲ ಬಿಚ್ಚಿ ನೆಲಕ್ಕೆ ಹಾಸಿದಂಥ ಒಂದು ನಕ್ಷೆ ಸಿಗುತ್ತದೆ. ಅದರ ಮೇಲೆ ಬಣ್ಣ, ಅಕ್ಷರ, ಲಾಂಛನ ಕೂರಿಸಿ ಪಿಎನ್‌ಜಿ ಫೈಲಾಗಿ ಆಟಕ್ಕೆ ಸೇರಿಸಬೇಕು. ಇನ್ನೊಂದು ಮಾಡ್, ಅಂದರೆ ಇಡೀ ವಾಹನವನ್ನೇ ಹೊಸದಾಗಿ ಕಟ್ಟಿ ಆಟದೊಳಕ್ಕೆ ತರುವುದು. ಇಂಡೋನೇಷ್ಯಾದಲ್ಲೂ ವಾಹನ ಸಾಗುವುದು ರಸ್ತೆಯ ಎಡಬದಿಯಲ್ಲಿ. ಸ್ಟೀರಿಂಗ್ ಬಲಕ್ಕೆ, ಜನ ಹತ್ತುವ ಬಾಗಿಲು ಎಡಕ್ಕೆ. ಹಾಗಾಗಿ ನಮ್ಮ ಬಸ್ಸನ್ನು ಅಲ್ಲಿಗೆ ಒಯ್ದರೆ ಯಾವುದನ್ನೂ ಬಲಎಡ ಮಾಡಬೇಕಾಗಿಲ್ಲ.

ಈ ಬಳಗದಲ್ಲಿ ಹೆಸರು ಮಾಡುವ ಕ್ರಮ ಈಗ ಬಹುಮಟ್ಟಿಗೆ ಒಂದೇ ಎರಕದ್ದು. ಲಿವರಿ ಮಾಡಿದವನು ಬಸ್ಸು ಓಡಿಸಿ ತೋರಿಸುವ ವಿಡಿಯೊವನ್ನು ಯೂಟ್ಯೂಬಿಗೆ ಹಾಕುತ್ತಾನೆ. ಅದರ ಕೆಳಗೆ ಫೈಲಿನ ಲಿಂಕ್, ಫೈಲಿಗೆ ಬೀಗ, ಪಾಸ್‌ವರ್ಡ್ ವಿಡಿಯೊದ ನಡುವೆ ಎಲ್ಲೋ ಒಂದು ಕ್ಷಣ ಮಿನುಗಿ ಮಾಯವಾಗುತ್ತದೆ. ಬಸ್ಸಿನ ಮುಂಗಾಜಿನ ಮೇಲುಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಚಾನೆಲ್ಲಿನ ಹೆಸರು. ಹೀಗೆ ಬಂದವುಗಳಲ್ಲಿ ಹೊಗಳಿಕೆಯ ಸಿಂಹಪಾಲು ಕರ್ನಾಟಕ ರಸ್ತೆ ಸಾರಿಗೆ ನಿಗಮದ ಐರಾವತ, ಅಂಬಾರಿ ಉತ್ಸವ, ಪಲ್ಲಕ್ಕಿ ಬಸ್ಸುಗಳಿಗೆ ಹೋಗುತ್ತದೆ. ಅಂಬಾರಿ ಉತ್ಸವ ರಸ್ತೆಗಿಳಿದದ್ದು 2023ರ ಫೆಬ್ರುವರಿಯಲ್ಲಿ, ಪಲ್ಲಕ್ಕಿ ಅದೇ ವರ್ಷದ ಅಕ್ಟೋಬರಿನಲ್ಲಿ. ಇಂಥ ಹೊಸ ಬಸ್ಸು ಬಂದಾಗಲೆಲ್ಲ ಅದನ್ನು ಮೊದಲು ಆಟಕ್ಕಿಳಿಸುವವರು ಯಾರು ಎಂಬ ಪೈಪೋಟಿ. ಮೊದಲು ತಂದವನಿಗೆ ‘ರಿಯಲಿಸ್ಟಿಕ್’ ಎಂಬ ಬಿರುದು. ಆ ಬಿರುದು ಸಲ್ಲಬಾರದ ಕಡೆಗೆ ಸಲ್ಲುತ್ತಿದೆ.

ಕಾರಣ ಸರಳ. ಅಂಬಾರಿ ಉತ್ಸವದ ಮೈಮೇಲಿನ ಚಿತ್ರ ನಿಜ ಬಸ್ಸಿನಲ್ಲೂ ಕಂಪ್ಯೂಟರಿನಲ್ಲಿ ಹುಟ್ಟಿ ಸ್ಟಿಕ್ಕರಾಗಿ ಅಂಟಿದ್ದು. ಅದನ್ನು ಆಟದ ಬಸ್ಸಿಗೆ ಹಾಕುವುದೆಂದರೆ ಚಿತ್ರದಿಂದ ಚಿತ್ರಕ್ಕೆ ನಕಲು. ಅಲ್ಲಿ ಬೇಕಾದದ್ದು ಚುರುಕು, ನೋಟ ಬೇಕಾಗುವುದಿಲ್ಲ. ತಿಪಟೂರು ಘಟಕದ ಕೆಂಪು ಬಸ್ಸಿನ ಮಾತು ಬೇರೆ. ಟಾಟಾ ಅಥವಾ ಲೇಲ್ಯಾಂಡ್ ಚಾಸಿಯ ಮೇಲೆ ನಿಗಮದ ಕೆಂಗೇರಿ, ಹಾಸನದ ಕಾರ್ಯಾಗಾರಗಳಲ್ಲೋ ಖಾಸಗಿ ಬಾಡಿ ಕಟ್ಟುವವರಲ್ಲೋ ಒಡಲು ಪಡೆದ ಬಸ್ಸು ಅದು. ಒಂದರ ಕಿಟಕಿಯ ಸರಳು ಇನ್ನೊಂದರಲ್ಲಿಲ್ಲ. ಮಣ್ಣುರಸ್ತೆಯ ಕೆಂಧೂಳು ಚಕ್ರದ ಹಿಂದಿನಿಂದ ಹತ್ತಿ ಕಿಟಕಿಯ ಕೆಳಗೆ ನಿಂತಿರುತ್ತದೆ. ‘ರೈಟ್’ ಹೇಳಲು ಕಂಡಕ್ಟರು ಅಂಗೈಯಲ್ಲಿ ಬಡಿದೂ ಬಡಿದೂ ಬಾಗಿಲ ಪಕ್ಕದ ತಗಡು ಅಂಗೈಯಗಲ ಬಣ್ಣ ಕಳೆದುಕೊಂಡಿರುತ್ತದೆ. ಇದಾವುದಕ್ಕೂ ಎಲ್ಲೂ ಸಿದ್ಧ ಚಿತ್ರ ಸಿಗುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿದವನು ಮಾತ್ರ ಅದನ್ನು ಬಿಡಿಸಬಲ್ಲ. ಹಾಗೆ ಬಿಡಿಸಿದ ಕೆಂಪು ಬಸ್ಸು, ಅದು ಎಷ್ಟೇ ಮಂಕಾಗಿ ಕಂಡರೂ, ಹೊಳೆಯುವ ಅಂಬಾರಿಗಿಂತ ದೊಡ್ಡ ಕೆಲಸ.

ಲಿವರಿಯ ಎಲ್ಲ ಭಾಗಗಳಲ್ಲಿ ಪರೀಕ್ಷೆಗೆ ಒಡ್ಡಬೇಕಾದದ್ದು ಬಸ್ಸಿನ ಹಣೆ, ಬೋರ್ಡು ಕೂರುವ ಜಾಗ. ಅದರ ಮಹತ್ವ ತಿಳಿಯಲು ಕೆ.ಬಿ. ಕ್ರಾಸಿನಲ್ಲಿ, ಅಂದರೆ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಕ್ರಾಸಿನಲ್ಲಿ, ಅರ್ಧ ಗಂಟೆ ನಿಂತರೆ ಸಾಕು. ತುಮಕೂರಿನಿಂದ ತಿಪಟೂರು, ಅರಸೀಕೆರೆಯತ್ತ ಸಾಗುವ ಹೆದ್ದಾರಿಯನ್ನು ಚಿಕ್ಕನಾಯಕನಹಳ್ಳಿಯಿಂದ ತುರುವೇಕೆರೆಗೆ ಇಳಿಯುವ ರಸ್ತೆ ಅಲ್ಲಿ ದಾಟುತ್ತದೆ. ನಾಲ್ಕು ದಿಕ್ಕಿನಿಂದಲೂ ಬಸ್ಸುಗಳು ಬರುತ್ತವೆ, ಸಾರಿಗೆ ಬಸ್ಸೆಲ್ಲ ಕೆಂಪೇ. ಸಂತೆಚೀಲ ಹಿಡಿದು ನಿಂತ ಅಜ್ಜಿಗೆ ಬಣ್ಣ ಏನನ್ನೂ ಹೇಳುವುದಿಲ್ಲ, ಹೇಳುವುದೆಲ್ಲ ಬೋರ್ಡು. ಓದು ಬಾರದಿದ್ದರೆ ಪಕ್ಕದವರಲ್ಲಿ ಅವಳು ಕೇಳುವುದೂ ಅದನ್ನೇ: ‘ಬೋರ್ಡು ಯಾವ್ದಪ್ಪ?’ ಹೋಗುವ ಊರು ದಪ್ಪಕ್ಷರದಲ್ಲಿ, ನಡುವಿನ ಊರುಗಳು ಅದರ ಕೆಳಗೆ ಸಣ್ಣಕ್ಷರದಲ್ಲಿ. ಜಾಗ ಸಾಲದಿದ್ದರೆ ಚಿಕ್ಕನಾಯಕನಹಳ್ಳಿ ‘ಚಿ.ನಾ.ಹಳ್ಳಿ’ಯಾಗುತ್ತದೆ, ಕಿಬ್ಬನಹಳ್ಳಿ ‘ಕೆ.ಬಿ.’ಯಾಗುತ್ತದೆ. ಎಲ್ಲಿ ಹ್ರಸ್ವ ಮಾಡಬೇಕು, ಯಾವ ಊರನ್ನು ಬಿಡಬಾರದು ಎಂಬ ತಿಳಿವಳಿಕೆ ಆ ಎರಡಡಿ ತಗಡಿನಲ್ಲಿ ಅಡಗಿದೆ.

ಚಾನೆಲ್ಲಿನ ಹೆಸರು ಬಂದು ಕೂರುವುದು ಈ ಹಣೆಯ ಮೇಲೆಯೇ. ಅದರ ಹೊಳಪಿಗೆ ಬೋರ್ಡು ಮಂಕಾಗುತ್ತದೆ. ಎಷ್ಟೋ ಲಿವರಿಗಳಲ್ಲಿ ಬೋರ್ಡು ಇರುವುದೇ ಇಲ್ಲ, ಇದ್ದರೂ ‘ಬೆಂಗಳೂರು’ ಎಂಬೊಂದೇ ಹೆಸರು. ಇದನ್ನು ಬರಿಯ ಅವಿನಯವೆಂದು ಬಿಡುವಂತಿಲ್ಲ, ಕಸುಬಿನ ತಪ್ಪು ಎಂದೇ ಎಣಿಸಬೇಕು. ಊರಿನ ಹೆಸರು ಹೋದ ಗಳಿಗೆಯಲ್ಲೇ ಆ ಬಸ್ಸು ತಿಪಟೂರಿನದೂ ಅಲ್ಲ, ತುರುವೇಕೆರೆಯದೂ ಅಲ್ಲ. ಕೆಂಪು ಬಳಿದ ಯಾವುದೋ ಗಾಡಿ. ಧೂಳು, ಸರಳು, ಮಾಸಿದ ತಗಡು ಎಲ್ಲ ಅಚ್ಚುಕಟ್ಟಾಗಿದ್ದರೂ ಅವುಗಳನ್ನು ಒಂದೂರಿಗೆ ಕಟ್ಟಿಹಾಕುವ ಗೂಟ ಕಿತ್ತುಹೋಗಿರುತ್ತದೆ.

ಬೋರ್ಡು ಬರೆದವರಲ್ಲೂ ಅಕ್ಷರದ ಪರೀಕ್ಷೆ ಬಾಕಿ ಇದೆ. ಈ ಸೀಮೆಯ ಊರ ಹೆಸರುಗಳು ಆ ಪರೀಕ್ಷೆಗೆಂದೇ ಹುಟ್ಟಿದಂತಿವೆ. ತಿಪಟೂರು, ತುರುವೇಕೆರೆ, ಹುಳಿಯಾರು, ಅರಸೀಕೆರೆ ಇವುಗಳಲ್ಲಿ ಒಂದೂ ಒತ್ತಕ್ಷರವಿಲ್ಲ. ಎಂಥ ತಂತ್ರಾಂಶದಲ್ಲೂ ಹೆಚ್ಚುಕಡಿಮೆ ಸರಾಗವಾಗಿ ಮೂಡುತ್ತವೆ. ಗುಬ್ಬಿ, ನಿಟ್ಟೂರಿಗೆ ಒಂದೊಂದು ಒತ್ತು. ಕಿಬ್ಬನಹಳ್ಳಿಗೆ ಎರಡು, ಚಿಕ್ಕನಾಯಕನಹಳ್ಳಿಗೂ ಎರಡು. ಫೋಟೊಶಾಪಿನಂಥ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಗಳಿಗೆಂದೇ ಇರುವ ಪಠ್ಯದ ಆಯ್ಕೆಯನ್ನು ಆನ್ ಮಾಡದೆ ಯುನಿಕೋಡಿನಲ್ಲಿ ಬರೆದರೆ ಒತ್ತು ಕೆಳಗಿಳಿಯದೆ ಬಿಡಿಯಾಗಿ ನಿಲ್ಲುತ್ತದೆ: ‘ಚಿಕ್‌ಕನಾಯಕನಹಳ್‌ಳಿ’. ಹಳೆಯ ನುಡಿ ಫಾಂಟುಗಳದು ಇನ್ನೊಂದು ತೊಡಕು. ಅವು ಕನ್ನಡದ ಅಕ್ಷರ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿಕೊಂಡವು. ಫೋನಿನಲ್ಲಿ ಯುನಿಕೋಡಿನಲ್ಲಿ ಒತ್ತಿದ ಅಕ್ಷರವನ್ನು ಅವು ಗುರುತಿಸುವುದಿಲ್ಲ. ಇವೆಲ್ಲಕ್ಕಿಂತ ಕಣ್ಣಿಗೆ ಚುಚ್ಚುವುದು ಬಸ್ಸಿನ ಪಕ್ಕೆಯ ಮೇಲಿನ ‘ಕರ್ನಾಟಕ ಸಾರಿಗೆ’. ‘ನಾ’ದ ಬೆನ್ನಿಗೆ ನಿಲ್ಲಬೇಕಾದ ಅರ್ಕಾವತ್ತು ಬಿಡಿಸಿಕೊಂಡು ‘ಕರ್‌ನಾಟಕ’ ಎಂದಾಗುತ್ತದೆ. ನಾಡಿನ ಹೆಸರೇ ಮುರಿದುಕೊಂಡು ಬಿದ್ದಿರುವಾಗ ಕೆಳಗೆ ‘ಸೂಪರ್ ರಿಯಲಿಸ್ಟಿಕ್’ ಎಂಬ ಮೆಚ್ಚುಗೆಗಳು ಸಾಲುಗಟ್ಟಿರುತ್ತವೆ. ಕನ್ನಡ ಕಂಡರೆ ಸಾಕೆಂದು ಎಲ್ಲಕ್ಕೂ ತಲೆದೂಗುವ ಅಭಿಮಾನಿಗಳು ಇಲ್ಲಿ ಕನ್ನಡಕ್ಕೆ ಉಪಕಾರ ಮಾಡುತ್ತಿಲ್ಲ.

ಇನ್ನೊಂದು ಎಡರು ನಕ್ಷೆಯಲ್ಲಿಯೇ ಇರುತ್ತದೆ. ಕೆಲವು ಮಾದರಿಗಳಲ್ಲಿ ಬಸ್ಸಿನ ಎರಡೂ ಪಕ್ಕೆಗೆ ಒಂದೇ ಚಿತ್ರದ ತುಂಡು ಹಂಚಿಕೆಯಾಗಿರುತ್ತದೆ. ಎಡಕ್ಕೆ ನೇರವಾಗಿ ಓದುವ ಅಕ್ಷರ ಬಲಕ್ಕೆ ಕನ್ನಡಿಯ ಬರಹವಾಗುತ್ತದೆ. ಬಲ್ಲವರು ಪಕ್ಕೆಗಳು ಬೇರೆ ಬೇರೆಯಾಗಿರುವ ಮಾದರಿಯನ್ನೇ ಹುಡುಕಿ ಕೆಲಸಕ್ಕೆ ಕೂರುತ್ತಾರೆ.

ಕನ್ನಡದ ಹುಡುಗರ ಕೆಲಸ ಈ ಬಳಗದಲ್ಲಿ ಯಾಕೆ ಕಾಣಿಸುವುದಿಲ್ಲ ಎಂಬ ಚರ್ಚೆಯಲ್ಲಿ ಸಾಮಾನ್ಯವಾಗಿ ಬರುವ ಉತ್ತರ ‘ನಮ್ಮವರಿಗೆ ಅಭಿಮಾನ ಸಾಲದು’ ಎಂಬುದು. ಇದು ಸೋಮಾರಿ ಉತ್ತರ. ಕಾಣದಿರಲು ಮೊದಲ ಕಾರಣ ಹೆಸರಿನಲ್ಲೇ ಇದೆ. ‘ಕೆಎಸ್‌ಆರ್‌ಟಿಸಿ’ ಎಂದು ಹುಡುಕಿದರೆ ಎರಡು ರಾಜ್ಯಗಳ ಬಸ್ಸುಗಳು ಒಂದೇ ಹೊಳೆಯಲ್ಲಿ ಹರಿದುಬರುತ್ತವೆ. ಕೇರಳದ ನಿಗಮ 1965ರದು. ನಮ್ಮದು 1961ರಲ್ಲಿ ಮೈಸೂರು ನಿಗಮವಾಗಿ ಆರಂಭವಾಗಿ, ರಾಜ್ಯದ ಹೆಸರು ಬದಲಾದ 1973ರ ನವೆಂಬರ್ 1ರಂದು ಕರ್ನಾಟಕದ್ದಾಯಿತು. ಅಕ್ಷರಗಳು ಅವೇ ಐದು. ಈ ಹೆಸರಿಗಾಗಿ ಎರಡೂ ನಿಗಮಗಳ ನಡುವೆ ಟ್ರೇಡ್‌ಮಾರ್ಕ್ ವ್ಯಾಜ್ಯ ನಡೆದಿತ್ತು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾಗೊಳಿಸಿದ್ದರಿಂದ ಕರ್ನಾಟಕ ಆ ಹೆಸರನ್ನು ಉಳಿಸಿಕೊಂಡಿದೆ. ಹುಡುಕು ಪೆಟ್ಟಿಗೆಗೆ ಆ ತೀರ್ಪು ಗೊತ್ತಿಲ್ಲ. ಕೇರಳದ ಮಾಡ್‌ಗಳ ಪ್ರವಾಹದಲ್ಲಿ ತಿಪಟೂರಿನ ಬಸ್ಸು ಮುಳುಗಲು ಯಾರ ಅಭಿಮಾನವೂ ಕಡಿಮೆಯಾಗಬೇಕಾಗಿಲ್ಲ.

ಎರಡನೆಯ ಉತ್ತರ ‘ಕೇರಳದವರಂತೆ ಝಗಮಗ ಮಾಡಿ’ ಎಂಬ ಉಪದೇಶ. ಕೇರಳದ ಉದಾಹರಣೆಯನ್ನು ಅರ್ಧ ನೋಡಿದವರು ಮಾತ್ರ ಹೀಗೆ ಹೇಳಲು ಸಾಧ್ಯ. ಅಲ್ಲಿಯ ಖಾಸಗಿ ಟೂರಿಸ್ಟ್ ಬಸ್ಸುಗಳಿಗೆ ಕೊಂಬನ್‌ನಂಥ ಹೆಸರು, ಆ ಹೆಸರಿಗೆ ಅಭಿಮಾನಿಗಳ ದಂಡು. ಅಲ್ಲಿಯ ಹುಡುಗರು ಆಟಕ್ಕೆ ತಂದದ್ದು ಯಾವುದೋ ಬಣ್ಣದ ಬಸ್ಸನ್ನಲ್ಲ, ಹೆಸರು ಹಿಡಿದು ಕರೆಯಬಲ್ಲ ಬಸ್ಸನ್ನು. 2022ರ ಅಕ್ಟೋಬರಿನ ವಡಕ್ಕಂಚೇರಿ ಬಸ್ ಅಪಘಾತದ ನಂತರ ಅಲ್ಲಿಯ ಸರ್ಕಾರ ಟೂರಿಸ್ಟ್ ಬಸ್ಸುಗಳೆಲ್ಲ ಬಿಳಿ ಬಣ್ಣಕ್ಕೆ ಬರಬೇಕೆಂಬ ನಿಯಮವನ್ನು ಬಿಗಿಯಾಗಿ ಜಾರಿಗೆ ತಂದಿತು. ರಸ್ತೆಯಲ್ಲಿ ಅಳಿಸಿಹೋದ ಆ ಬಣ್ಣಗಳು ಹುಡುಗರ ಫೋನುಗಳಲ್ಲಿ ಲಿವರಿಗಳಾಗಿ ಉಳಿದವು. ಬೆಲೆ ಬಂದದ್ದು ಝಗಮಗಕ್ಕಲ್ಲ, ಇಂಥ ಬಸ್ಸು ಹೀಗೇ ಇತ್ತು ಎಂಬ ಖಚಿತತೆಗೆ. ಕಲಿಯುವುದಿದ್ದರೆ ಕಲಿಯಬೇಕಾದದ್ದು ಅದನ್ನು. ಕೆಂಪು ಬಸ್ಸಿಗೆ ಹೆಸರಿಲ್ಲದಿರಬಹುದು. ವಿಭಾಗ, ಘಟಕ, ‘ಕೆಎ-06-ಎಫ್’ ಎಂದು ಶುರುವಾಗುವ ನಂಬರು, ಬೋರ್ಡು ಇವೆ. ಒಂದು ಬಸ್ಸನ್ನು ಸಾವಿರದಲ್ಲಿ ಗುರುತಿಸಲು ಇಷ್ಟು ಸಾಕು.

ಮೂರನೆಯವರು ವ್ಯೂಸ್ ಎಣಿಸುವವರು, ಇವರ ಜೊತೆಗಿನ ಜಗಳ ದೊಡ್ಡದು. ಲಕ್ಷ ಜನ ನೋಡಿದ್ದು ಕೆಟ್ಟದ್ದಾಗಿರಲು ಹೇಗೆ ಸಾಧ್ಯ ಎಂಬುದು ಇವರ ವಾದ. ಪಾಸ್‌ವರ್ಡನ್ನು ವಿಡಿಯೊದ ಹೊಟ್ಟೆಯಲ್ಲಿ ಬಚ್ಚಿಟ್ಟಾಗ ಆ ಲೆಕ್ಕ ಅಳೆಯುವುದು ಮೆಚ್ಚುಗೆಯನ್ನಲ್ಲ, ಹುಡುಕಾಟವನ್ನು. ಪಾಸ್‌ವರ್ಡ್ ತಪ್ಪಿಹೋದವನು ಮತ್ತೆ ನೋಡುತ್ತಾನೆ; ಎರಡಾಯಿತು. ಫೈಲು ತೆರೆಯದವನು ಮರುದಿನ ಬಂದು ನೋಡುತ್ತಾನೆ; ಮೂರಾಯಿತು. ಕೆಲಸವನ್ನು ನೋಡಿ ತೃಪ್ತಿಯಿಂದ ಹೋದವನದು ಒಂದೇ. ತೊಂದರೆ ಕೊಟ್ಟಷ್ಟೂ ಏರುವ ಅಂಕಿಯನ್ನು ಗುಣದ ಸಾಕ್ಷಿಯಾಗಿ ನಿಲ್ಲಿಸುವುದು ಅಳತೆಗೋಲನ್ನೇ ತಲೆಕೆಳಗೆ ಹಿಡಿದಂತೆ. ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿಯ ಬೆಲೆ ಕಟ್ಟುವವರು ಚೀಲದ ಸುತ್ತ ಎಷ್ಟು ಜನ ನೆರೆದಿದ್ದಾರೆಂದು ಎಣಿಸುವುದಿಲ್ಲ. ಉಂಡೆಯ ಗಾತ್ರ, ಬಣ್ಣ, ಒಣಗಿದ ಹದ ನೋಡುತ್ತಾರೆ. ಲಿವರಿಯ ಮಾತಾಡುವವರಲ್ಲಿ ಒಬ್ಬರಾದರೂ ಕೆಲಸವನ್ನು ಹಾಗೆ ಕೈಗೆತ್ತಿಕೊಂಡು ನೋಡಿದರೆ ಒಳ್ಳೆಯದಕ್ಕೆ ಹೆಸರು ಬರುವ ದಾರಿ ತೆರೆಯುತ್ತದೆ.

ಚಾನೆಲ್ ಕ್ರಮದ ಪರವಾಗಿ ಹೇಳಬಹುದಾದದ್ದೂ ಇದೆ. ಕಂಪ್ಯೂಟರಿಲ್ಲದ ಮನೆಯ ಹುಡುಗನಿಗೆ ಫೋನಿನಲ್ಲೇ ಮಾಡಿದ ಕೆಲಸದಿಂದ ನಾಲ್ಕು ಕಾಸು ಬರುವ ದಾರಿ ಅದೊಂದೇ. ಕಳ್ಳತನವೂ ಸುಳ್ಳಲ್ಲ: ಒಬ್ಬನ ಲಿವರಿಯನ್ನು ತೆಗೆದು, ಹೆಸರು ಒರೆಸಿ, ತನ್ನದೆಂದು ಮತ್ತೆ ಹಾಕುವವರು ಈ ಬಳಗಕ್ಕೆ ಹತ್ತಿದ ಗೆದ್ದಲು. ಹೆಸರು ದಪ್ಪಗೆ ಬರೆಯುವುದು ಅದಕ್ಕೆ ರಕ್ಷಣೆ ಎನ್ನುತ್ತಾರೆ. ಆದರೆ ನಕ್ಷೆಯ ಮೇಲೆ ಹಣೆಯಷ್ಟು ಸುಲಭವಾಗಿ ಒರೆಸಬಹುದಾದ ಜಾಗ ಇನ್ನೊಂದಿಲ್ಲ. ಅದೊಂದು ನೇರ, ಚಪ್ಪಟೆ ಪಟ್ಟಿ. ಒಂದೇ ಬಣ್ಣದ ಒಂದು ಚೌಕ ಎಳೆದರೆ ಹೆಸರು ಹೋಯಿತು. ಧೂಳಿನ ಛಾಯೆಯ ನಡುವೆ, ಮಡ್‌ಗಾರ್ಡಿನ ಅಂಚಿನಲ್ಲಿ, ಘಟಕದ ಹೆಸರಿನ ಕೆಳಗೆ ಸಣ್ಣಗೆ ಬರೆದ ಹೆಸರನ್ನು ತೆಗೆಯಬೇಕಾದರೆ ಕಳ್ಳ ಆ ಧೂಳನ್ನೂ ಆ ಛಾಯೆಯನ್ನೂ ತಾನೇ ಮತ್ತೆ ಬರೆಯಬೇಕು.

ಈ ಉಪಾಯ ಹೊಸದಲ್ಲ. ಕೊಬ್ಬರಿ, ತೆಂಗಿನಕಾಯಿ ಹೊತ್ತ ಲಾರಿಗಳ ಹಿಂಬಾಗಿಲನ್ನು ನೋಡಿದರೆ ಮೂಲೆಯಲ್ಲಿ, ಬಂಪರಿನ ಹತ್ತಿರ, ಬೆರಳುದ್ದದ ಅಕ್ಷರದಲ್ಲಿ ಬರೆದ ಪೇಂಟರನ ಹೆಸರು, ಕೆಲವೊಮ್ಮೆ ಅವನ ಊರು ಕಾಣುತ್ತವೆ. ಹಣೆ ದೇವರದು, ಕ್ಯಾಬಿನ್ನಿನ ಬಾಗಿಲು ಮಾಲೀಕನದು. ಪೇಂಟರ್ ಆ ಎರಡಕ್ಕೂ ಕೈ ಹಾಕುವುದಿಲ್ಲ. ಒಳ್ಳೆಯ ಕೈಯಿದ್ದರೆ ಇನ್ನೊಬ್ಬ ಲಾರಿಯವನು ಬಗ್ಗಿ ಆ ಮೂಲೆಯನ್ನು ಓದಿಕೊಳ್ಳುತ್ತಾನೆ.

ಕೊನೆಯದು ಫೈಲಿನ ಹೆಸರು. ಅದನ್ನು ಈ ಬಳಗ ಗಂಭೀರವಾಗಿ ತೆಗೆದುಕೊಂಡೇ ಇಲ್ಲ. ‘ಕೆಎಸ್‌ಆರ್‌ಟಿಸಿ ನ್ಯೂ ಸ್ಕಿನ್’ ಎಂದು ಹೆಸರಿಟ್ಟ ಫೈಲು ಅದೇ ಹೆಸರಿನ ನೂರಾರರ ಜೊತೆ ಸೇರಿಹೋಗುತ್ತದೆ. ‘ತುರುವೇಕೆರೆ – ಕೆ.ಬಿ. ಕ್ರಾಸ್ – ಚಿಕ್ಕನಾಯಕನಹಳ್ಳಿ, ಕರ್ನಾಟಕ ಸಾರಿಗೆ, ತುರುವೇಕೆರೆ ಘಟಕ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದರೆ ಹುಡುಕುವವರು ಕಡಿಮೆ, ಪೈಪೋಟಿಯೂ ಕಡಿಮೆ. ಆ ದಾರಿಯ ಹೆಸರನ್ನು ಒತ್ತಿ ಹುಡುಕುವವನು ಆ ಬಸ್ಸಿನಲ್ಲಿ ಕಾಲೇಜಿಗೆ ಹೋದವನೋ, ಊರು ಬಿಟ್ಟು ಬೆಂಗಳೂರು ಸೇರಿದವನೋ ಆಗಿರುತ್ತಾನೆ. ಬಾಗಿಲ ಪಕ್ಕದ ಮಾಸಿದ ತಗಡನ್ನು ಅವನು ನೋಡಿಯೇ ನೋಡುತ್ತಾನೆ.