ತೊಟ್ಟಿಮನೆಗೆ ಅಳುವವರು ಮತ್ತು ಕೇರಿಯ ತಾರಸಿ

ಹಳ್ಳಿಯ ಅಂದ ಕೆಟ್ಟಿತು ಎಂದು ಅಳುವ ಲೇಖನಗಳು ನಮ್ಮ ಪತ್ರಿಕೆಗಳಲ್ಲಿ ಈಗ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿವೆ. ಅವುಗಳ ಧಾಟಿ ನಮಗೆಲ್ಲ ಗೊತ್ತಿರುವಂಥದೇ. ಲೇಖಕ ಬಹುಕಾಲದ ಮೇಲೆ ಊರಿಗೆ ಹೋಗುತ್ತಾನೆ. ಅಜ್ಜನ ತೊಟ್ಟಿಮನೆಯ ಕಂಬಗಳನ್ನು ಮುಟ್ಟಿ ನೋಡುತ್ತಾನೆ. ಹೊರಗೆ ಬಂದರೆ ಊರಿನ ಕೊನೆಯಲ್ಲಿ ಗುಲಾಬಿಯದೋ ತಿಳಿನೀಲಿಯದೋ ಬಣ್ಣ ಬಳಿದ ಒಂದು ಆರ್‌ಸಿಸಿ ಮನೆ ಎದ್ದು ನಿಂತಿರುತ್ತದೆ. ಅವನ ಎದೆ ಒಡೆಯುತ್ತದೆ. ಆ ಮನೆ ಯಾರದು, ಅದನ್ನು ಕಟ್ಟಿದವನು ಅದಕ್ಕೆ ಮುಂಚೆ ಎಂಥ ಸೂರಿನ ಕೆಳಗಿದ್ದ ಅಂತ ಕೇಳುವ ಪುರುಸೊತ್ತು ಅವನಿಗೆ ಇರೋದಿಲ್ಲ. ಆ ಪ್ರಶ್ನೆಯನ್ನು ನಾವಾದರೂ ಕೇಳಬೇಕಾಗಿದೆ.

ಹಳೆಯ ಮನೆಗಳ ನಡುವೆ ಹೊಸ ನಮೂನೆಯ ಮನೆ ಏಳುವಾಗ ಹಳ್ಳಿಗಳಲ್ಲಿ ಹುಟ್ಟುವ ತಕರಾರುಗಳನ್ನು ಕಿವಿಗೊಟ್ಟು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹಳ್ಳಿಯ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು. ಪಂಚಾಯ್ತಿಗೆ ಹೋಗುವ ಅರ್ಜಿಗಳನ್ನು ಬರೆದುಕೊಡೋರು ಎಷ್ಟೋ ಕಡೆ ಅವರೇ. ಅರ್ಜಿಯಲ್ಲಿ ಬರೆಯೋದು ಚರಂಡಿ ನೀರು, ಸಜ್ಜಾ ಮುಂದೆ ಬಂದದ್ದು, ಗಾಡಿ ದಾರಿ ಕಿರಿದಾದದ್ದು. ಅರಳಿಕಟ್ಟೆಯಲ್ಲಿ ಆಡೋ ಮಾತು ಬೇರೆ. "ಅಲ್ಲ ಕಣಪ್ಪ, ಗೌಡ್ರು ಮನೆಗಿಂತ ಎತ್ರಕ್ಕೆ ಎತ್ತುಸ್ತಾವ್ನಲ್ಲ, ಎಷ್ಟು ಸೊಕ್ಕಿರಬ್ಯಾಡ ಅವನ್ಗೆ." "ಗುಡಿ ಗೋಪುರುಕ್ಕೆ ಸಮುಕ್ಕೆ ಬಂತು, ಊರ್ಗೆ ಒಳ್ಳೇದಾಗಕಿಲ್ಲ." "ಅವನ್ ತಾರ್ಸಿ ಮ್ಯಾಲೆ ನಿಂತ್ಕಂಡ್ರೆ ನಮ್ ತೊಟ್ಟೀಲಿ ಹೆಂಗಸ್ರು ಕುಂತಿರೋದು ಕಾಣ್ತದೆ."

ಈ ಮೂರರಲ್ಲಿ ಮೂರನೆಯದು ಎಲ್ಲಕ್ಕಿಂತ ಪ್ರಾಮಾಣಿಕವಾದ ಮಾತು. ತೊಟ್ಟಿಮನೆಯ ಶಿಲ್ಪವನ್ನು ಹೊಗಳುವವರು ನಡುವಿನ ಆಕಾಶವನ್ನು ಹೊಗಳುತ್ತಾರೆ. ಮಳೆ ಒಳಗೆ ಬೀಳುತ್ತದೆ, ಬೆಳದಿಂಗಳು ಒಳಗೆ ಬೀಳುತ್ತದೆ, ಮನೆಗೆ ಮನೆಯೇ ಉಸಿರಾಡುತ್ತದೆ. ಎಲ್ಲವೂ ನಿಜವೇ, ನಾವು ಅಲ್ಲಗಳೆಯಬೇಕಾಗಿಲ್ಲ. ಆದರೆ ಬೀದಿಯ ಕಡೆ ಕುರುಡಾಗಿ, ಮೇಲಕ್ಕೆ ಮಾತ್ರ ಬಾಯ್ತೆರೆದ ಈ ಮನೆ ಒಂದು ಭರವಸೆಯ ಮೇಲೆ ನಿಂತಿದೆ: ಮೇಲಿನಿಂದ ಯಾರೂ ಇಣುಕುವುದಿಲ್ಲ ಎನ್ನುವ ಭರವಸೆ. ಊರಿನಲ್ಲಿ ಎತ್ತರ ಅನ್ನೋದು ದೇವರದ್ದು, ಆಮೇಲೆ ಒಡೆಯನದ್ದು. ಕೇರಿಯವನ ಕಣ್ಣು ಸೊಂಟದ ಮಟ್ಟ ಮೀರಿ ಏಳುವಂತಿರಲಿಲ್ಲ. ಈಗ ಅವನ ಮಗ ಸಂಜೆ ಹೊತ್ತು ತಾರಸಿ ಮೇಲೆ ಪುಸ್ತಕ ಹಿಡಿದು ಓಡಾಡುತ್ತಾನೆ. ಅವನು ಅವರ ತೊಟ್ಟಿ ಕಡೆ ತಿರುಗಿ ನೋಡದೇ ಇರಬಹುದು. ನೋಡಬಲ್ಲ ಎನ್ನುವುದೇ ಸಾಕು.

ಎತ್ತರದ ಮೇಲಿನ ಈ ಸಿಟ್ಟು ಇವತ್ತಿನದಲ್ಲ. ಹತ್ತೊಂಬತ್ತನೆಯ ಶತಮಾನದ ತಿರುವಾಂಕೂರಿನಲ್ಲಿ ಶಾನಾರರು ಮಹಡಿ ಮನೆ ಕಟ್ಟುವಂತಿರಲಿಲ್ಲ. ಕೊಡೆ ಹಿಡಿಯುವುದು, ಕಾಲಿಗೆ ಮೆಟ್ಟುವುದು, ಹಸು ಕರೆಯುವುದು ಎಲ್ಲಕ್ಕೂ ನಿಷೇಧವಿತ್ತು. ಹಳ್ಳಿಯಲ್ಲಿ ಅಸ್ಪೃಶ್ಯ ಮಾಡಿದರೆ ಅಪರಾಧವಾಗುವ ಕೆಲಸಗಳ ಒಂದು ಪಟ್ಟಿಯನ್ನು ಅಂಬೇಡ್ಕರ್ ಬರೆದಿಟ್ಟಿದ್ದಾರೆ. ಹೆಂಚು ಹೊದಿಸಿದ ಮನೆ ಕಟ್ಟುವುದು ಆ ಪಟ್ಟಿಯಲ್ಲಿದೆ. ಭೂಮಿ ಸಂಪಾದಿಸುವುದು, ಶುಭ್ರವಾದ ಬಟ್ಟೆ ಹಾಕುವುದು ಇದ್ದ ಸಾಲಿನಲ್ಲೇ ಇದೆ. ಅಂದರೆ ಸೋಗೆ, ಹುಲ್ಲು, ಗರಿಗಳ ಸೂರು ಬಡವನು ಪರಿಸರದ ಮೇಲಿನ ಪ್ರೀತಿಗೆ ಆರಿಸಿಕೊಂಡದ್ದಲ್ಲ. ಅದು ಅವನ ಜಾತಿಯ ಗುರುತು. ಹಣೆಯ ಮೇಲಿನ ನಾಮದ ಹಾಗೆ ಮನೆಯ ಮೇಲಿನ ಹುಲ್ಲು.

ಇಷ್ಟಕ್ಕೂ ಈಗ ಪರಂಪರೆ ಎಂದು ಕರೆಯುತ್ತಿರುವುದಾದರೂ ಏನು? ಕೆಂಪು ಮಂಗಳೂರು ಹೆಂಚಿನ ಮಾಡನ್ನು ಕಂಡರೆ ನಮ್ಮ ಪರಂಪರಾವಾದಿಗಳು ಕರಗಿಹೋಗುತ್ತಾರೆ. ಆ ಹೆಂಚನ್ನು ಮಂಗಳೂರಿನಲ್ಲಿ 1865ರಲ್ಲಿ ಕಾರ್ಖಾನೆ ಇಟ್ಟು ಮಾಡಲು ಶುರುಮಾಡಿದವರು ಬಾಸೆಲ್ ಮಿಷನ್ನಿನವರು. ಮುಂದೆ ನಿಂತವನು ಪ್ಲೆಬ್ಸ್ಟ್ ಎಂಬ ಜರ್ಮನ್ ಪಾದ್ರಿ. ಯಂತ್ರದಲ್ಲಿ ಒತ್ತಿದ, ಸೀಮೆಯಿಂದ ಬಂದ ಮಾದರಿಯ, ಶುದ್ಧ ಆಧುನಿಕ ಸರಕು ಅದು. ನಾಡಹೆಂಚಿನ ಮನೆಗಳ ನಡುವೆ ಅದು ಮೊದಲು ಎದ್ದಾಗ ಗುಲಾಬಿ ಬಣ್ಣದ ಗೋಡೆಯಷ್ಟೇ ಕಣ್ಣಿಗೆ ಹೊಡೆದಿರಬೇಕು. ತಂಪಾಗಿದೆ ಎಂದು ಹೊಗಳಿಸಿಕೊಳ್ಳುವ ರೆಡ್ ಆಕ್ಸೈಡ್ ನೆಲ ಸಿಮೆಂಟಿನದೇ. ಚೆಟ್ಟಿನಾಡಿನ ಮಹಾಮನೆಗಳ ಕಂಬ ಬರ್ಮಾ ತೇಗ, ನೆಲ ಇಟಲಿಯ ಅಮೃತಶಿಲೆ. ಬರ್ಮಾದಲ್ಲಿ ಬಡ್ಡಿ ವ್ಯಾಪಾರ ಮಾಡಿ ತಂದ ದುಡ್ಡಿನಲ್ಲಿ ಕಟ್ಟಿದ್ದು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ಮಂಕಿಟಾಪ್ ಬಂಗಲೆಗಳಂತೂ ಬ್ರಿಟಿಷರ ಕಂಟೋನ್ಮೆಂಟನ್ನು ನೋಡಿ ಕಲಿತದ್ದು. ಅವು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟು ಏಳುವಾಗ ನೆರೆಹೊರೆಯವರು ಪಡುವ ಸಂಕಟ ಸುಳ್ಳಲ್ಲ. ಬಿಲ್ಡರುಗಳ ದುರಾಸೆಯ ಪರವಾಗಿ ವಾದಿಸುವುದು ಈ ಬರಹದ ಕೆಲಸವೂ ಅಲ್ಲ. ಆದರೆ ಆ ಬಡಾವಣೆಗಳ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಓಣಿಗಳಿವೆ. ಮುಂಬಾಗಿಲ ಬೀದಿಯಲ್ಲಿ ಕಾಣಿಸಿಕೊಳ್ಳದೆ ಹಿಂದಿನಿಂದ ಬಂದು ಮಲ ಹೊತ್ತುಕೊಂಡು ಹೋಗಲಿ ಎಂದು ಬಿಟ್ಟ ದಾರಿ. ಬಂಗಲೆಯ ಜಾಲರಿ, ಕಮಾನುಗಳನ್ನು ವರ್ಣಿಸುವ ಪುಸ್ತಕಗಳು ಈ ಓಣಿಯನ್ನೂ ಶಿಲ್ಪದ ಭಾಗವಾಗಿಯೇ ವರ್ಣಿಸಬೇಕು. ನಕ್ಷೆಯಲ್ಲಿ ಅದೂ ಬರೆದದ್ದೇ ತಾನೆ?

ಒಟ್ಟಿನಲ್ಲಿ ಉಳ್ಳವನ ಆಧುನಿಕತೆಗೆ ನೂರು ವರ್ಷ ಆದರೆ ಪರಂಪರೆ. ಇಲ್ಲದವನ ಆಧುನಿಕತೆ ಮೊದಲ ದಿನವೇ ವಿಕಾರ.

ನಮ್ಮ ಸಾಹಿತ್ಯದಲ್ಲಿ ಮನೆ ಹೇಗೆ ಬಂದಿದೆ ಎನ್ನುವುದನ್ನು ಇದೇ ಕಣ್ಣಿಂದ ನೋಡಬೇಕು. 'ಸಂಸ್ಕಾರ' (1965) ಅಗ್ರಹಾರದ ಟೀಕೆ ಎಂದು ಹೆಸರಾದ ಕಾದಂಬರಿ, ಅದು ನಿಜ. ಅಲ್ಲಿ ನೆರೆಮನೆ ಜಗಳವೂ ಇದೆ. ಎಲ್ಲರ ಹಿತ್ತಲ ಹೂವು ದೇವರಿಗಾದರೆ ನಾರಣಪ್ಪನ ಅಂಗಳದ ಹೂವು ಚಂದ್ರಿಯ ಮುಡಿಗೆ. ಅಂಗಳದಲ್ಲಿ ಯಾವ ಗಿಡ ನೆಡಬೇಕು ಎನ್ನುವುದೂ ಅಗ್ರಹಾರದ ಸೊತ್ತು ಎಂದು ಅನಂತಮೂರ್ತಿ ಎಷ್ಟು ಚುರುಕಾಗಿ ಕಂಡಿದ್ದಾರೆ! ಆದರೆ ಅದೇ ಕಾದಂಬರಿಯಲ್ಲಿ ಹೊಲಗೇರಿಯ ಗುಡಿಸಲು ಯಾಕೆ ಬರುತ್ತದೆ? ಉರಿದುಹೋಗಲಿಕ್ಕೆ. ಪ್ಲೇಗಿನಲ್ಲಿ ಸತ್ತವರನ್ನು ಒಳಗಿಟ್ಟೇ ಸೂರಿಗೆ ಬೆಂಕಿ ಹಚ್ಚುತ್ತಾರೆ. ಅಗ್ರಹಾರದ ಒಂದು ಹೆಣಕ್ಕೆ ಧರ್ಮಸೂಕ್ಷ್ಮದ ಪುಟಪುಟಗಳ ಜಿಜ್ಞಾಸೆ. ಕೇರಿಯ ಹೆಣಗಳಿಗೆ ಕೆಲವು ಸಾಲು. ನವ್ಯದ ಸಂವೇದನೆಗೆ ಗುಡಿಸಲಿನ ಒಳಗೆ ಹೋಗುವ ಬಾಗಿಲು ಸಿಗಲಿಲ್ಲ.

ಆ ಬಾಗಿಲು ತೆಗೆದದ್ದು ದೇವನೂರ ಮಹಾದೇವರ 'ಒಡಲಾಳ'. ಸಾಕವ್ವನ ಮನೆ ಒಳಗಿಂದ ಕಾಣುತ್ತದೆ. ಗೋಡೆಯ ಮೇಲೆ ಹುಡುಗಿ ನವಿಲು ಬರೆಯುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಕೂತು ಕಡ್ಲೆಕಾಯಿ ತಿನ್ನುತ್ತಾರೆ, ಆ ಒಂದು ರಾತ್ರಿ ಆ ಮನೆ ಅರಮನೆ. ಬೆಳಗಾದರೆ ಪೊಲೀಸರು. ಯಾವಾಗ ಬೇಕಾದರೂ ಯಾರು ಬೇಕಾದರೂ ನುಗ್ಗಬಹುದಾದ ಗೋಡೆಗೆ ಗೋಡೆ ಎನ್ನಬಹುದೇ ಎಂದು ಆ ಕತೆ ಕೇಳದೆಯೇ ಕೇಳುತ್ತದೆ. ಸಿಮೆಂಟಿನ ಮನೆಯ ಆಸೆ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯಬೇಕಾದವರು ವಾಸ್ತುಶಿಲ್ಪದ ಗ್ರಂಥ ಓದುವುದಕ್ಕಿಂತ ಇದನ್ನು ಓದಬೇಕು. ಚಿಲಕ ಹಾಕಿದರೆ ನಿಲ್ಲುವ ಬಾಗಿಲು, ಒದ್ದರೆ ಬೀಳದ ಗೋಡೆ, ಕಿಡಿ ಬಿದ್ದರೆ ಹತ್ತಿಕೊಳ್ಳದ ಸೂರು.

ಕಿಡಿಯ ಮಾತು ಅಲಂಕಾರಕ್ಕೆ ಆಡಿದ್ದಲ್ಲ. 1968ರ ಡಿಸೆಂಬರ್ 25ರಂದು ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚು ಕೇಳಿದ ದಲಿತರ 44 ಜನ, ಹೆಚ್ಚಿನವರು ಹೆಂಗಸರು ಮಕ್ಕಳು, ಒಂದು ಗುಡಿಸಲಿನಲ್ಲಿ ಸುಟ್ಟುಹೋದರು. ನಮ್ಮ ಕೋಲಾರದ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿಯಲ್ಲಿ ಮನೆಗಳಿಗೆ ಬೆಂಕಿಯಿಟ್ಟು ಏಳು ಜನರನ್ನು ಕೊಂದರು. ಸೋಗೆ ಮಾಡಿನ ಸೌಂದರ್ಯದ ಬಗ್ಗೆ ಭಾಷಣ ಮಾಡೋರು ಈ ಊರುಗಳಲ್ಲಿ ನಿಂತು ಮಾಡಲಿ.

ಇನ್ನು ಗುಡಿಸಲು ಬಿಟ್ಟು ತಾರಸಿಗೆ ಬಂದವರ ಗತಿ? ತೂತ್ತುಕುಡಿ ಜಿಲ್ಲೆಯ ಕೊಡಿಯಂಕುಳಂ ದಲಿತರ ಊರು. ಗಲ್ಫಿಗೆ ಹೋಗಿ ದುಡಿದವರ ಹಣದಲ್ಲಿ ಅಲ್ಲಿ ಗಟ್ಟಿ ಮನೆಗಳು ಎದ್ದಿದ್ದವು. 1995ರ ಆಗಸ್ಟ್ 31ರಂದು ಪೊಲೀಸರೇ ಊರಿಗೆ ನುಗ್ಗಿ ಫ್ಯಾನು, ಟಿವಿ, ಹೊಲಿಗೆ ಯಂತ್ರ ಒಡೆದರು. 2012ರ ನವೆಂಬರಿನಲ್ಲಿ ಧರ್ಮಪುರಿಯ ನತ್ತಂ ಕಾಲೊನಿ ಮತ್ತು ಪಕ್ಕದ ಕೇರಿಗಳಲ್ಲಿ ಗುಂಪು ಸೇರಿ 250ಕ್ಕೂ ಹೆಚ್ಚು ಮನೆ ಹಾಳುಮಾಡಿದರು. ನೆಪಕ್ಕೆ ಒಂದು ಅಂತರ್ಜಾತಿ ಮದುವೆ ಇತ್ತು. ಆದರೆ ಕೈಹಾಕಿದ್ದು ಬೀರು, ಮೋಟಾರು ಬೈಕು, ಹೊಸ ಮನೆಗಳ ಮೇಲೆ. ದೊಡ್ಡವರು ನಯವಾಗಿ ಅಭಿರುಚಿಯ ಪ್ರಶ್ನೆ ಅಂತಾರಲ್ಲ, ಅದು ದೊಣ್ಣೆ ಹಿಡಿದುಕೊಂಡಾಗ ಹೀಗೆ ಕಾಣುತ್ತದೆ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹಳ್ಳಿಯನ್ನು ಕುರಿತು ಅಷ್ಟು ಕಟುವಾಗಿ ಯಾಕೆ ಮಾತಾಡಿದರು ಎಂದು ಇವತ್ತಿಗೂ ನೊಂದುಕೊಳ್ಳುವವರಿದ್ದಾರೆ. ಅವರು ಈ ಊರುಗಳ ಹೆಸರನ್ನು ಒಮ್ಮೆ ಓದಿಕೊಳ್ಳಬೇಕು.

ಸರ್ಕಾರದ ಪರಂಪರಾಪ್ರೀತಿಗೂ ಒಂದು ಉದಾಹರಣೆ ಬೇಕಲ್ಲ. ಹಂಪಿ 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಕಲ್ಲುಮಂಟಪಗಳಲ್ಲಿ ಬಹಳ ಕಾಲದಿಂದ ಜನ ಸಂಸಾರ ಹೂಡಿದ್ದರು. ಮುಂದಕ್ಕೆ ಸಿಮೆಂಟಿನ ಗೋಡೆ, ತಗಡು, ಅಂಗಡಿ ಬೆಳೆಸಿಕೊಂಡಿದ್ದರು. 2011ರ ಜುಲೈ ಕೊನೆಗೆ ಬುಲ್ಡೋಜರು ಬಂತು. ನೂರಾರು ಕುಟುಂಬ ಬೀದಿಗೆ ಬಿದ್ದು, ಆಮೇಲೆ ಕಡ್ಡಿರಾಂಪುರದ ಹತ್ತಿರ ಅವರಿಗೆ ಜಾಗ ತೋರಿಸಿದರು. ಮಂಟಪಗಳು ಉಳಿಯಬೇಕು ಎನ್ನುವುದಕ್ಕೆ ನಮ್ಮ ತಕರಾರಿಲ್ಲ. ಬಜಾರು ಎಂದರೆ ಜನ ಎಂದು ನಂಬಿದವರಿಗೆ ಮಾತ್ರ ಖಾಲಿ ಮಂಟಪಗಳ ಸಾಲನ್ನು ನೋಡಿ ಸಂತೋಷಪಡುವುದು ಕಷ್ಟ.

ಇಲ್ಲಿ ಒಬ್ಬರ ಹೆಸರನ್ನು ಗೌರವದಿಂದ ತೆಗೆಯಬೇಕು, ಲಾರಿ ಬೇಕರ್. ಕೇರಳದಲ್ಲಿ ನೆಲೆನಿಂತು 2007ರಲ್ಲಿ ತೀರಿಕೊಂಡ ಈ ಇಂಗ್ಲಿಷಿನವ ಸಿಮೆಂಟು ಉಳಿಸಿ, ಗಿಲಾವು ಬಿಟ್ಟು, ಅಲ್ಲಲ್ಲೇ ಸಿಗುವ ಇಟ್ಟಿಗೆ ಮಣ್ಣುಗಳಲ್ಲಿ ಬಡವರಿಗೂ ಮನೆ ಕಟ್ಟಿದ. ಅವನ ಲೆಕ್ಕಾಚಾರ ಸರಿಯಾದದ್ದು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಆರ್‌ಸಿಸಿ ಮನೆ ಕಾದ ಹಂಚು ಎನ್ನುವುದನ್ನು ಅದರೊಳಗೆ ಮಲಗಿದವರು ಯಾರೂ ಇಲ್ಲ ಅನ್ನೋದಿಲ್ಲ. ಆದರೆ ಬೇಕರನ ಮಾತನ್ನು ಈಗ ಹಿಡಿದುಕೊಂಡಿರುವವರು ಯಾರು ನೋಡಿ. ಊರಾಚೆ ತೋಟದ ನಡುವೆ ಲಕ್ಷಾಂತರ ಸುರಿದು ಮಣ್ಣಿನ ಮನೆ ಕಟ್ಟಿಸಿಕೊಂಡವರು, ಹಳೇ ಮನೆ ಕೆಡವಿದ ಕಡೆಯಿಂದ ಕಂಬ ಬಾಗಿಲು ಕೊಂಡು ತಂದು ನಿಲ್ಲಿಸಿದವರು. ಅವರ ಮಣ್ಣಿನ ಗೋಡೆಯನ್ನು ನೋಡಿ ಯಾರೂ ಅವರ ಜಾತಿ ಹೇಳುವುದಿಲ್ಲ. ಕೇರಿಯವನ ಮಣ್ಣಿನ ಗೋಡೆ ನೋಡಿದ ಕೂಡಲೇ ಹೇಳುತ್ತಾರೆ. ತಂಪಿನ ಲೆಕ್ಕ ಒಂದೇ ಇರಬಹುದು, ಮಾನದ ಲೆಕ್ಕ ಒಂದೇ ಅಲ್ಲ.

ಸರ್ಕಾರ ಕೊಡುವ ಮನೆಯ ಅಳತೆಯನ್ನೂ ಈ ಮಾನದ ಲೆಕ್ಕದಲ್ಲೇ ನೋಡಬೇಕು. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಶುರುವಾದಾಗ ಮನೆಯ ಕನಿಷ್ಠ ಅಳತೆ 25 ಚದರ ಮೀಟರು, ಬಯಲು ಪ್ರದೇಶಕ್ಕೆ ಸಹಾಯಧನ 1.20 ಲಕ್ಷ ರೂಪಾಯಿ. ಅಷ್ಟರಲ್ಲಿ ಪಾಯ ಹಾಕಿ ಗೋಡೆ ಎತ್ತುವಷ್ಟರಲ್ಲಿ ದುಡ್ಡು ಮುಗಿಯುತ್ತದೆ. ಮಿಕ್ಕದ್ದು ಸಂಘದ ಸಾಲ, ಕೈಸಾಲ. ಆ ಪೆಟ್ಟಿಗೆಯಲ್ಲಿ ಎಮ್ಮೆಗೆ ಜಾಗವಿಲ್ಲ, ಬಾಣಂತಿಗೆ ಮೂಲೆಯಿಲ್ಲ, ಹೊಗೆ ಹೋಗೋಕೆ ದಾರಿಯಿಲ್ಲ. ತಾರಸಿ ಮೇಲೆ ಮುಂದಿನ ಅಂತಸ್ತಿಗೆಂದು ಬಿಟ್ಟ ಕಬ್ಬಿಣದ ಕಂಬಿಗಳು ತುಕ್ಕು ಹಿಡಿದು ನಿಂತಿರುತ್ತವೆ. ಪೇಟೆಯ ರಸಿಕರಿಗೆ ಅತ್ಯಂತ ವಿಕಾರವಾಗಿ ಕಾಣೋದು ಅವೇ. ಮಗಳ ಓದು ಮುಗಿದು ಕೆಲಸ ಸಿಕ್ಕಿದ ಮೇಲೆ ಮೇಲೊಂದು ರೂಮು ಹಾಕಬೇಕು ಅಂತ ಆ ಕಂಬಿಗಳನ್ನು ಕತ್ತರಿಸದೆ ಉಳಿಸಿಕೊಂಡ ತಾಯಿಗೆ ಅವು ಹಾಗೆ ಕಾಣೋದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮವರ ಹೊಸ ಮನೆಗಳ ಒಳಗೂ ಒಂದು ಸುತ್ತು ಹಾಕೋಣ. ಮುಂಬಯಿಯ ದಾದರಿನಲ್ಲಿ 1930ರ ದಶಕದಲ್ಲಿ ಬಾಬಾಸಾಹೇಬರು ರಾಜಗೃಹ ಕಟ್ಟಿಸಿದಾಗ ಅವರ ತಲೆಯಲ್ಲಿದ್ದದ್ದು ಪುಸ್ತಕಗಳಿಗೆ ಜಾಗ. 2020ರ ಜುಲೈನಲ್ಲಿ ಅದರ ಅಂಗಳಕ್ಕೆ ನುಗ್ಗಿ ಗಾಜು, ಹೂಕುಂಡ ಒಡೆದವರಿಗೂ ಆ ಮನೆ ಏನು ಎನ್ನುವುದು ಗೊತ್ತಿತ್ತೇನೋ. ನಮ್ಮ ಕೇರಿಗಳಲ್ಲಿ ಈಗ ಏಳುತ್ತಿರುವ ಮನೆಗಳಲ್ಲಿ ಪುಸ್ತಕಕ್ಕೆ ಗೂಡು ಬಿಟ್ಟವರು ಎಷ್ಟು ಜನ? ದೇವರ ಕೋಣೆ ಬಿಡದವರು ಎಷ್ಟು ಜನ? ಮುಂಬಾಗಿಲು ಯಾವ ದಿಕ್ಕಿಗೆ ಇರಬೇಕು ಎಂದು ಕೇಳೋಕೆ ನಮ್ಮ ಗುಮಾಸ್ತರು, ಮೇಷ್ಟ್ರುಗಳು ಜೋಯಿಸರ ಮನೆ ಜಗಲಿ ಹತ್ತುತ್ತಿದ್ದಾರೆ. ಯಾವ ಶಾಸ್ತ್ರ ಇವರ ತಾತನನ್ನು ಊರಾಚೆ ಇಟ್ಟಿತೋ ಅದೇ ಶಾಸ್ತ್ರ ಇವರ ಬಚ್ಚಲಿನ ಜಾಗ ಗೊತ್ತುಮಾಡುತ್ತದೆ. ಗೃಹಪ್ರವೇಶಕ್ಕೆ ಪುರೋಹಿತ ಬರಲಿಲ್ಲ ಅಂತ ಕೊರಗುವವರನ್ನೂ ನೋಡಿದ್ದೇವೆ.

ಅದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ, ಅದನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತೋದಿಲ್ಲ. ಹೊಲಗೇರಿಯಲ್ಲಿ ತಾರಸಿ ಮನೆ ಎದ್ದ ಮೇಲೆ ಮಾದಿಗರ ಕೇರಿಯ ಕಡೆಗೆ ಗೋಡೆ ಎಷ್ಟು ಎತ್ತರಕ್ಕೆ ಹೋಯಿತು? ಅಲ್ಲಿಂದ ಮದುವೆ ಕರೆಯೋಲೆ ಹಿಡಿದು ಬಂದವರನ್ನು ಜಗಲಿಯಲ್ಲಿ ಕೂರಿಸಿ ಮಾತಾಡ್ತೀವಾ, ಒಳಗೆ ಕರೆದು ಕುರ್ಚಿ ಹಾಕ್ತೀವಾ? ಮಾದಿಗರ ಹೊಸ ಮನೆಗೂ ಅವರಿಗಿಂತ ಕೆಳಗೆ ನೂಕಿದವರಿಗೂ ನಡುವೆ ಇದೇ ಪ್ರಶ್ನೆ ಬರುತ್ತದೆ. ಹೊಸದಾಗಿ ಕಟ್ಟಿದ ಒಂದೊಂದು ಮನೆಯಲ್ಲೂ ಹಜಾರ ಇರುತ್ತದೆ, ಸೋಫಾ ಇರುತ್ತದೆ. ಅಲ್ಲಿ ಯಾರು ಯಾರು ಕೂತು ಕಾಫಿ ಕುಡಿದರು ಅಂತ ನಮ್ಮ ಹುಡುಗರು ಒಂದು ವರ್ಷ ಲೆಕ್ಕ ಇಟ್ಟು ನೋಡಲಿ.